ಪ್ರಹ್ಲಾದ ಮಾಸ್ತರರು ಕೇಳದ ಹಾಡು

ಪ್ರಹ್ಲಾದ ಮಾಸ್ತರರ ಸಂಕಟಕ್ಕೆಲ್ಲ ಮೂಲ ಒಂದು ಗುಂಡಿ. ಅದನ್ನು ಅವರು ಒತ್ತಿದ್ದು ಆಸೆಯಿಂದಲ್ಲ, ಶಾಂತಿಗಾಗಿ.

ಹಿಂದಿನ ದಿನ ಸಂಜೆ ಅವರು ಸಂಧ್ಯಾವಂದನೆಗೆ ಕುಳಿತಿದ್ದಾಗ ಮೊಬೈಲು ಬಡಿದುಕೊಂಡಿತ್ತು. ಎತ್ತಿದರೆ ಯಾವಳೋ ಒಬ್ಬಳು ಪಾಕದಲ್ಲಿ ಅದ್ದಿ ತೆಗೆದಂಥ ಧ್ವನಿಯಲ್ಲಿ ಏನನ್ನೋ ಒಪ್ಪಿಸತೊಡಗಿದಳು. "ಈಗ ಬ್ಯಾಡ್ರೀ ತಾಯಿ, ಅರ್ಘ್ಯ ಕೊಡಬೇಕು" ಎಂದರು. ಆಕೆ ನಿಲ್ಲಲಿಲ್ಲ. ನಿಲ್ಲುವುದು ಆಕೆಗೆ ಸಾಧ್ಯವೂ ಇರಲಿಲ್ಲ. ಆಕೆ ಗಗನ ಮೊಬೈಲ್ ಕಂಪನಿಯ ಯಂತ್ರವಾಗಿದ್ದಳು. ಕೊನೆಗೆ ಒಂದನ್ನು ಒತ್ತಿರಿ ಎಂದಳು. ಒತ್ತಿದರೆ ಬಾಯಿ ಮುಚ್ಚಿಯಾಳೆಂದು ಮಾಸ್ತರರು ಒತ್ತಿದರು. ಆಕೆ ಧನ್ಯವಾದ ಹೇಳಿ ಬಾಯಿ ಮುಚ್ಚಿದಳು. ಯಂತ್ರವನ್ನು ಜಯಿಸಿದ ತೃಪ್ತಿಯಲ್ಲಿ ಮಾಸ್ತರರು ಇನ್ನೊಮ್ಮೆ ಆಚಮನ ಮಾಡಿದರು.

ಮರುದಿನ ಚಿತ್ತಾಪುರಕ್ಕೆ ಬೆಳಗಿನಿಂದಲೇ ಕರೆಂಟಿರಲಿಲ್ಲ. ಟ್ರಾನ್ಸ್‌ಫಾರ್ಮರು ಸುಟ್ಟು, ಊರಿನ ಟಿವಿಗಳೆಲ್ಲ ಮುಸುಕು ಹಾಕಿದ ಪಂಜರದ ಗಿಳಿಗಳಂತೆ ತೆಪ್ಪಗಿದ್ದವು. ಮಾಸ್ತರರ ಮನೆಯಲ್ಲಿ ಮಾತ್ರ ಕರೆಂಟಿಗಿಂತ ದೊಡ್ಡ ಚಿಂತೆಯೊಂದಿತ್ತು.

"ಪಲ್ಲ್ಯಾ, ಫೋನು ಕೈಬಿಡಬ್ಯಾಡ," ಎಂದರು ತಾಯಿ ಶಾರದಾಬಾಯಿ. "ನಾಳೆ ಪಕ್ಷಮಾಸ ಹತ್ತತದ. ಹದಿನೈದು ದಿನ ಲಗ್ನದ ಮಾತು ಎತ್ತೂಹಂಗಿಲ್ಲ. ವಾಡಿಯವರು ಇವತ್ತ ಏನಾರೆ ಒಂದು ಹೇಳ್ತೀವಂದಾರ. ಸೇಡಂದವರೂ ಅವರಿಗೆ ಹೆಣ್ಣು ತೋರ್ಸ್ಯಾರಂತ, ನೆನಪಿರಲಿ."

ವಾಡಿಯವರೆಂದರೆ ವಿಠ್ಠಲರಾಯರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯಲ್ಲಿ ಉಳ್ಳಾಗಡ್ಡಿಯ ಹೆಸರನ್ನು ಕೂಡ ಮಡಿಯಲ್ಲಿ ಉಚ್ಚರಿಸುವುದಿಲ್ಲ ಎಂಬ ಖ್ಯಾತಿ. ಅವರ ಮಗನಿಗೆ ಮಾಸ್ತರರ ತಂಗಿ ಹರಿಪ್ರಿಯಾಳನ್ನು ತೋರಿಸಿಯಾಗಿತ್ತು. ಹೆಣ್ಣಿನ ಕಡೆಯವರು ತಾವಾಗಿ ಫೋನು ಹಚ್ಚಿ "ಏನು ಮಾಡಿದಿರಿ" ಎಂದು ಕೇಳುವುದು ಮರ್ಯಾದೆಯಲ್ಲವಾದ್ದರಿಂದ ಕಾಯುವುದೊಂದೇ ಉಳಿದಿತ್ತು.

ಫೋನು ಬಡಿಯಿತು. ಮಾಸ್ತರರು ಹಾರಿ ಎತ್ತುವಷ್ಟರಲ್ಲಿ ಕಟ್ಟಾಯಿತು. ಮತ್ತೆ ಬಡಿಯಿತು, ಮತ್ತೆ ಕಟ್ಟಾಯಿತು. ಶಾಲೆಗೆ ಹೋಗುವ ದಾರಿಯುದ್ದಕ್ಕೂ ಅದು ಉಪವಾಸದ ಹೊಟ್ಟೆಯಂತೆ ಗುರುಗುಟ್ಟುತ್ತಲೇ ಇತ್ತು. ಎತ್ತಿದರೆ ಯಾರೂ ಇಲ್ಲ, ಯಾರದೆಂದು ನೋಡುವಷ್ಟರಲ್ಲಿ ಮತ್ತೊಂದು.

ಶಾಲೆಯಲ್ಲಿ ಹೆಡ್‌ಮಾಸ್ತರ ಆನಂದಕುಮಾರರು ಕೋಣೆಗೆ ಕರೆಸಿದರು.

"ಪ್ರಹ್ಲಾದ ಸರ, ಇವತ್ತ ಜರಾ ಲಗೂ ಬರ್ರಿ ಅನ್ಲಾಕ ಮುಂಜಾನಿ ಫೋನ್ ಹಚ್ಚಿದ್ದೆ. ಏನ್ ಕೇಳಿಸಿದ್ರಿ ನನಗ?"

"ಏನು ಕೇಳ್ಸಿದೆ ಸರ್?"

"ಅದನ್ನ ನನ್ನ ಬಾಯಿಲೆ ಹೇಳಿಸಬ್ಯಾಡ್ರಿ. ನಾ ಈ ಸಾಲಿ ಹೆಡ್‌ಮಾಸ್ತರ ಇದ್ದೀನಿ."

ಬಾಗಿಲಲ್ಲಿ ನಿಂತಿದ್ದ ಜವಾನ ಸಾಯಬಣ್ಣನಿಗೆ ಅಂಥ ತೊಡಕಿರಲಿಲ್ಲ. "ನಾ ಹೇಳ್ತೀನ್ರೀ ಸರ. 'ಪೀಪೀ ಊದೋ ಮಾವಾ, ಹಿಂದಿನ ಡಬ್ಬಿಗಿ ಬರ್ತೀನಿ.' ಟ್ರಿಂಗ್ ಟ್ರಿಂಗ್ ಬರೂ ಜಾಗಾದಾಗ ಈ ಹಾಡ ಬರ್ತದ್ರಿ. ನಿಮಗ ಫೋನ್ ಹಚ್ಚಿದವರಿಗಿ ಅಷ್ಟೇ ಕೇಳ್ತದ, ನಿಮಗ ಕೇಳಲ್ಲ. ನೀವು ಎತ್ತೂದ್ರಾಗ ಕಟ್ ಮಾಡಿದ್ರ ಪುಕ್ಕಟ. ಸ್ಟಾಫ್‌ರೂಮಿನಾಗ ಸ್ಪೀಕರ್ ಹಚ್ಚಿ ಎಲ್ಲಾರೂ ಕೇಳ್ಯಾರ."

ಊರಿಗೆಲ್ಲ ಮಾಸ್ತರರ ನಂಬರು ಬಾಯಿಪಾಠವಾಗಿತ್ತು, ಮತ್ತು ಅದಕ್ಕೆ ಕಾರಣ ಅವರೇ. ಹೋದ ತಿಂಗಳು ಮದುವೆಯ ಮೆರವಣಿಗೆಯೊಂದರ ಲೌಡ್‌ಸ್ಪೀಕರಿನಿಂದ ನೊಂದು ಅವರು "ಸಂಗೀತ ಶುದ್ಧೀಕರಣ ಸಮಿತಿ"ಯನ್ನು ಸ್ಥಾಪಿಸಿದ್ದರು. ಅಧ್ಯಕ್ಷರೂ ಸದಸ್ಯರೂ ಅವರೊಬ್ಬರೇ. "ಹೊಲಸು ಸಿನಿಮಾ ಹಾಡು ಕಿವಿಗೆ ಬಿದ್ದರೆ ತಕ್ಷಣ ಈ ನಂಬರಿಗೆ ಫೋನ್ ಮಾಡಿರಿ" ಎಂದು ಕರಪತ್ರ ಅಚ್ಚು ಹಾಕಿಸಿ, ಬಸ್‌ಸ್ಟ್ಯಾಂಡಿನಿಂದ ಕ್ಷೌರದ ಅಂಗಡಿಯವರೆಗೆ ಅಂಟಿಸಿದ್ದರು. ಇಷ್ಟು ದಿನ ಒಬ್ಬನೂ ದೂರು ಕೊಟ್ಟಿರಲಿಲ್ಲ. ಈಗ ಫೋನು ಮಾಡಿದರೆ ಹೊಲಸು ಹಾಡು ಸಮಿತಿಯ ಕಚೇರಿಯಿಂದಲೇ ಬರುತ್ತದೆಂದು ತಿಳಿದ ಮೇಲೆ, ಕರೆಂಟಿಲ್ಲದ ಊರು ಸಮಿತಿಯ ಮೇಲೆ ಒಮ್ಮೆಗೇ ಭಕ್ತಿ ತಾಳಿತ್ತು.

ಮಾಸ್ತರರು ಮಿಸ್ ಕಾಲುಗಳನ್ನು ತಿರುವಿ ನೋಡಿದರು. ಕಂಡವರು, ಕಾಣದವರು, ಕಾಳಗಿಯ ನೆಂಟರು. ನಡುನಡುವೆ, ಒಮ್ಮೆಯಲ್ಲ ಹಲವು ಸಲ, ವಾಡಿಯ ವಿಠ್ಠಲರಾಯರ ಮನೆಯ ನಂಬರು.

"ಮುಗೀತು," ಎಂದುಕೊಂಡರು. ಆ ಮಡಿವಂತರು ಫೋನು ಹಚ್ಚಿರಬೇಕು. ಹಾಡು ಕಿವಿಗೆ ಬಿದ್ದೊಡನೆ ರಿಸೀವರು ಕುಕ್ಕಿರಬೇಕು. ತಮ್ಮ ಕಿವಿಯನ್ನೇ ನಂಬಲಾರದೆ ಮತ್ತೆ ಹಚ್ಚಿರಬೇಕು. ಅರ್ಧ ದಿನದ ರಜೆ ಬರೆದಿಟ್ಟು ಮಾಸ್ತರರು ಓಣಿಯ ಕಡೆ ಓಡಿದರು.

ಓಣಿಯಲ್ಲಿ ಲ್ಯಾಂಡ್‌ಲೈನ್ ಇದ್ದದ್ದು ಪಕ್ಕದ ಮನೆಯ ಅಖ್ತರ ಬೇಗಂ ಅವರಲ್ಲಿ. ಆ ವಯಸ್ಸಾದ ಹೆಂಗಸು ಬಾಗಿಲಲ್ಲೇ ಎದುರಾದರು.

"ಬಾ ಬೇಟಾ. ಗಾನಾ ಭಾಳ ಛಲೋ ಹಾಕ್ಸೀದಿ. ಇಷ್ಟು ದಿನ ನೀ ಬರೇ ಶ್ಲೋಕದ ಮನಷ್ಯಾ ಅಂತ ತಿಳಕೊಂಡಿದ್ದೆ."

"ನಾ ಹಾಕ್ಸಿಲ್ಲ ಬೇಗಂ ಸಾಬ್. ಕಂಪನಿಯವರು ಹಾಕ್ಯಾರ. ಅದು ಹ್ಯಾಂಗದಂತ ನನಗೇ ಗೊತ್ತಿಲ್ಲ. ನಿಮ್ಮ ಫೋನಿನಾಗ ಒಮ್ಮೆ ಕೇಳ್ತೀನಿ."

ತಮ್ಮ ನಂಬರನ್ನೇ ತಾವು ಒತ್ತಿ ಮಾಸ್ತರರು ಕಿವಿಗಿಟ್ಟುಕೊಂಡರು. ಕೊಂಯ್ ಕೊಂಯ್ ಎಂದಿತು. ಎಂಗೇಜ್.

"ಪಾಳಿ ಹಚ್ಚಬೇಕಾಗ್ತದ," ಎಂದರು ಬೇಗಂ, ಅನುಭವಸ್ಥರ ಗಾಂಭೀರ್ಯದಿಂದ. "ಮುಂಜಾನಿಂದ ನನಗೂ ಎರಡೇ ಸಲ ಸಿಕ್ಕದ."

ಅಲ್ಲಿಂದ ಮಾಸ್ತರರು ಹೋದದ್ದು ಬಜಾರದ ಹಾಜಿಮಲಂಗನ ರೀಚಾರ್ಜ್ ಅಂಗಡಿಗೆ. ಹಾಜಿಮಲಂಗ ಫೋನು ಕೈಗೆ ತೆಗೆದುಕೊಂಡು, ನಾಡಿ ಹಿಡಿದ ಹಕೀಮನಂತೆ ಕಣ್ಣು ಮುಚ್ಚಿ ತೆರೆದ.

"ಮೆಸೇಜ್ ಕಳ್ಸಿದ್ರ ಬಂದ್ ಆಗ್ತದ್ರಿ ಮಾಸ್ತರ."

ಕಳಿಸಿದ. ಕೂಡಲೇ ಉತ್ತರ ಬಂತು: "ನಿಮ್ಮ ಕೋರಿಕೆ ತಲುಪಿದೆ. ನಿಮ್ಮ ಮೆಚ್ಚಿನ ಹಾಡು ಇನ್ನೂ ಒಂದು ತಿಂಗಳು ಮುಂದುವರಿಯುವುದು."

"ಹಿಂಗೇ ಇವರು," ಎಂದ ಹಾಜಿಮಲಂಗ. "ಬ್ಯಾಡ ಅಂದ್ರ ಭಾಳ ಬೇಕು ಅಂತ ತಿಳಕೋತಾರ. ಆಫೀಸರ್ ಜೋಡಿನೇ ಮಾತಾಡಬೇಕು. ಸ್ಪೀಕರ್ ಹಚ್ಚಿ ಹಿಡಿತೀನಿ, ಸುಮ್ಮ ನಿಲ್ರಿ."

ಅದನ್ನೊತ್ತಿ ಇದನ್ನೊತ್ತಿ, ಕಂಪನಿಯ ಜಾಹೀರಾತುಗಳನ್ನೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಅಂಗಡಿಯ ಮುಂದೆ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ಕೊನೆಗೆ ಬೆಂಗಳೂರಿನಿಂದ ಒಬ್ಬ ನಿಜವಾದ ಹುಡುಗಿ ಮಾತಾಡಿದಳು.

"ನಿಮ್ಮ ಸುರಕ್ಷತೆಗೋಸ್ಕರ ಜನ್ಮದಿನಾಂಕ ಹೇಳ್ತೀರಾ ಸರ್?"

ಮಾಸ್ತರರು ಸುತ್ತ ನೋಡಿ ಮೆಲ್ಲಗೆ ಹೇಳಿದರು. "ಜೋರಾಗಿ ಹೇಳಿ ಸರ್," ಎಂದಳು. ಜೋರಾಗಿ ಹೇಳಿದರು. ಹಿಂದಿನಿಂದ ಯಾರೋ ಬೆರಳೆಣಿಸಿದರು.

"ಅಲಲಾ ಮಾಸ್ತರ, ಮೂವತ್ತೆಂಟ್ ಆಗ್ಯಾವ? ಲಗ್ನ ಕೂಡಿಸೂ ನಮ್ಮ ಮಾಣಿಕಮ್ಮಗ ಮೂವತ್ನಾಲ್ಕು ಅಂತ ಹೇಳಿ ನಿಮಗೊಂದು ಕನ್ಯಾ ನೋಡ್ಲಾಕ ಹಚ್ಚಿದ್ರೆಲ್ಲ."

ಮಾಸ್ತರರ ಸುರಕ್ಷತೆ ಹೀಗೆ ಸಂಪೂರ್ಣವಾಗಿ ಕಾಪಾಡಲ್ಪಟ್ಟ ಮೇಲೆ ಹುಡುಗಿ ದಾಖಲೆ ತೆಗೆದಳು. "ಸರ್, ಈ ಹಾಡನ್ನು ನೀವೇ ಒಂದನ್ನು ಒತ್ತಿ ಆರಿಸಿಕೊಂಡಿದ್ದೀರಿ. ನಿನ್ನೆ ಸಂಜೆ."

"ಅಮ್ಮಾ, ನಾ ಸಂಧ್ಯಾವಂದನಿ ಮಾಡ್ಲಿಕತ್ತಿದ್ದೆ."

"ಆಗಲೇ ಸರ್. ತುಂಬಾ ಜನ ಆಗಲೇ ಆರಿಸಿಕೊಳ್ತಾರೆ."

ಸಿಟ್ಟು, ಬೇಡಿಕೆ, ಗ್ರಾಹಕರ ನ್ಯಾಯಾಲಯದ ಬೆದರಿಕೆ, ಕಡೆಗೆ ತಂಗಿಯ ಮದುವೆಯ ಕಥೆ. ಕಥೆಗೆ ಹುಡುಗಿ ಕರಗಿದಳು. ಹಾಡು ನಿಂತಿತು. ಅದು ಖಾತ್ರಿಯಾಗಲೆಂದು ಹಾಜಿಮಲಂಗ ತನ್ನ ಫೋನಿನಿಂದ ಹಚ್ಚಿ ಕೇಳಿ, ಸಾವಿನ ಸುದ್ದಿ ಹೇಳುವವನಂತೆ ತಲೆಯಾಡಿಸಿದ. "ಬರೇ ಟ್ರಿಂಗ್ ಟ್ರಿಂಗ್."

ನೆರೆದವರು ಬೇಸರದಿಂದ ಚದುರಿದರು. "ಲೈಟೂ ಇಲ್ಲ, ಹಾಡೂ ಇಲ್ಲ. ಇವರ ಮನಿಗಿ ಯಾರ ಹೆಣ್ಣ ಕೊಡ್ತಾರ," ಎಂದನೊಬ್ಬ.

ಮಾಸ್ತರರು ಮನೆಗೆ ಬಂದು, ದೇವರ ಮುಂದೆ ಫೋನಿಟ್ಟು ಕುಳಿತರು. ಫೋನು ಈಗ ಪರಮ ಮೌನಿಯಾಗಿತ್ತು. ಹೊತ್ತು ಇಳಿಯಿತು. ಶಾರದಾಬಾಯಿ ದೀಪ ಹಚ್ಚಿದರು. ಆಗ ಅದು ಬಡಿಯಿತು. ವಾಡಿಯ ನಂಬರು. ಮಾಸ್ತರರು ಮೊದಲನೆಯ ಗಂಟೆಗೇ ಎತ್ತಿದರು.

"ನಮಸ್ಕಾರ ರಾಯರ. ಮುಂಜಾನೆ ಏನಾರೆ ಕೇಳಬಾರದ್ದು ಕೇಳಿದ್ದರ ಕ್ಷಮಾ ಮಾಡಬೇಕು—"

"ಹಾಡು ಎಲ್ಲಿ ಹೋತು?" ಎಂದರು ವಿಠ್ಠಲರಾಯರು.

"ತೆಗಿಸಿದೆ ರಾಯರ. ಅದು ಕಂಪನಿಯವರು—"

"ತೆಗಿಸಿದಿರಿ? ಯಾಕ ತೆಗಿಸಿದಿರಿ?" ಧ್ವನಿ ಗದ್ಗದವಾಗಿತ್ತು. "ಮೂವತ್ತು ವರ್ಷ ಗೂಡ್ಸ್ ಗಾಡಿ ಗಾರ್ಡ್ ಇದ್ದೆ ನಾ. ಬಿಸಲಿರ್ಲಿ ಮಳಿ ಇರ್ಲಿ, ಹಿಂದಿನ ಡಬ್ಬಿಯಾಗ ಒಬ್ಬನೇ ಕೂತು ಸೀಟಿ ಊದೀನಿ. ಸಿನಿಮಾದವರು ಹಾಡು ಬರದ್ರ ಡ್ರೈವರನ ಮ್ಯಾಲ ಬರೀತಾರ. ಗಾರ್ಡನ್ನ ಒಬ್ಬರಾದರೂ ನೆನಸ್ಯಾರೇನ್ರಿ? ಮುಂಜಾನೆ ನಿಮಗ ಫೋನ್ ಹಚ್ಚಿದೆ, ಆ ಹಾಡು ಬಂತು. ಹಿಂದಿನ ಡಬ್ಬಿ, ಪೀಪೀ, ಮಾವ. ಬೀಗನ ಕೆಲಸಕ್ಕ ಇಷ್ಟು ಮರ್ಯಾದಿ ಕೊಟ್ಟು ಹಾಡು ಹುಡುಕಿ ಹಾಕ್ಸ್ಯಾರಂತ ತಿಳಕೊಂಡೆ. ಮನಿಮಂದಿಗೆಲ್ಲ ಕೇಳಿಸಿದೆ. ಈ ಮನಿದೇ ಹೆಣ್ಣು ತರೂಣು ಅಂತ ಮಾತೂ ಆತು. ಈಗ ಹೇಳೂಣಂತ ಹಚ್ಚಿದ್ರ ಟ್ರಿಂಗ್ ಟ್ರಿಂಗ್. ಹೆಣ್ಣು ಒಪ್ಪೂದ್ರಾಗೇ ಮರ್ಯಾದಿ ತೆಗದ್ರೇನು?"

ಮಾಸ್ತರರು ಥಟ್ಟನೆ ಸುಳ್ಳು ಹೇಳಿದರು. "ಇಲ್ಲ ರಾಯರ, ರಿಪೇರಿಗೆ ಕೊಟ್ಟೀನಿ. ಧ್ವನಿ ಸಣ್ಣದಿತ್ತು."

"ಹಂಗೇನು. ಹಂಗಿದ್ರ ಊಟಕ್ಕ ಮುಂಚೆ ಮತ್ತ ಹಚ್ತೀನಿ. ಹಾಡು ಬಂದ್ರ ಆಗ ಹೌದು ಅಂತೀನಿ, ಶುಭದ ಮಾತು ಶುಭದಾಗೇ ಆಗ್ಲಿ. ಬರಲಿಲ್ಲಂದ್ರ ಪಕ್ಷಮಾಸ ಮುಗೀಲಿ, ಸೇಡಂದವರೂ ಕಾಯ್ಲಿಕತ್ತಾರ. ಮತ್ತ ಲಗೂನ ಎತ್ತಬ್ಯಾಡ್ರಿ. ನಾ ಪೂರಾ ಕೇಳಬೇಕು."

ಮಾಸ್ತರರು ಚಪ್ಪಲಿ ಹುಡುಕದೆ ಹಾಜಿಮಲಂಗನ ಅಂಗಡಿಗೆ ಓಡಿದರು. ಓಡುವ ಮಾಸ್ತರರನ್ನು ಕಂಡು ಚದುರಿದ್ದ ಜನ ಮತ್ತೆ ಕೂಡಿತು. ಮೇಣದಬತ್ತಿಯ ಬೆಳಕಿನಲ್ಲಿ ಬೆಂಗಳೂರು ಸಿಕ್ಕಿತು. ಈ ಸಲ ಬೇರೊಬ್ಬ ಹುಡುಗಿ.

"ಯಾವ ಹಾಡು ಬೇಕು ಸರ್? ಮೊದಲನೆಯದು ಉಡುಗೊರೆಯಾಗಿತ್ತು, ಈಗ ತಿಂಗಳ ಬಾಡಿಗೆ ಇದೆ. ಹೆಸರು ಗೊತ್ತಿಲ್ಲದಿದ್ರೆ ಸ್ವಲ್ಪ ಹಾಡಿ, ಹುಡುಕ್ತೀನಿ."

ಮಾಸ್ತರರು ಹಾಜಿಮಲಂಗನ ಮುಖ ನೋಡಿದರು. "ನೀನೇ ಹಾಡಪಾ."

"ನನ್ನ ಹಾಡು ಕೇಳಿದ್ರ ಅಕಿ ಫೋನ್ ಇಟ್ಟ್ಬಿಡ್ತಾಳ್ರೀ. ಸಮಿತಿ ಅಧ್ಯಕ್ಷರು ನೀವು, ನೀವೇ ಹಾಡಬೇಕು."

ಹಾಡನ್ನು ಊರೆಲ್ಲ ಕೇಳಿತ್ತು, ಮಾಸ್ತರರೊಬ್ಬರೇ ಕೇಳಿರಲಿಲ್ಲ. ಧಾಟಿ ತಿಳಿಯದ ಅವರು ಕಣ್ಣು ಮುಚ್ಚಿ, ತಮಗೆ ಬರುವ ಒಂದೇ ಒಂದು ಧಾಟಿಯಾದ ಮಂಗಳಾಷ್ಟಕದ ಧಾಟಿಯಲ್ಲಿ, "ಪೀಪೀ ಊದೋ ಮಾವಾ, ಹಿಂದಿನ ಡಬ್ಬಿಗೆ ಬರ್ತೀನಿ" ಎಂದು ಬಜಾರದ ನಡುವೆ ಎತ್ತರದ ದನಿಯಲ್ಲಿ ಹಾಡಿದರು. ಹಿಂದೆ ನಿಂತಿದ್ದ ಸಾಯಬಣ್ಣ ಅಭ್ಯಾಸಬಲದಿಂದ ಅಕ್ಷತೆ ಹಾಕುವವನಂತೆ ಕೈಯೆತ್ತಿದ.

"ಸಿಕ್ತು ಸರ್," ಎಂದಳು ಹುಡುಗಿ, ನಗುವನ್ನು ನುಂಗುತ್ತ. "ಈಗಲೇ ಹಾಕ್ತೀನಿ."

ಮಾಸ್ತರರು ಮನೆ ಸೇರುವಷ್ಟರಲ್ಲಿ ಹಾಡು ಮರಳಿದ ಸುದ್ದಿ ಅವರಿಗಿಂತ ಮುಂದೆ ಓಣಿ ತಲುಪಿತ್ತು. ಫೋನು ಬಡಿಯುತ್ತಿತ್ತು, ಕಟ್ಟಾಗುತ್ತಿತ್ತು. ಅದನ್ನು ತಂಗಿಯ ಕೈಯಲ್ಲಿಟ್ಟು, ಒಮ್ಮೆಯಾದರೂ ಕೇಳಿ ಖಾತ್ರಿ ಮಾಡಿಕೊಳ್ಳೋಣವೆಂದು ಅಖ್ತರ ಬೇಗಂ ಅವರಲ್ಲಿಗೆ ಹೋಗಿ ಹಚ್ಚಿದರು. ಕೊಂಯ್ ಕೊಂಯ್.

"ಅಣ್ಣಾ," ಎಂದು ಹರಿಪ್ರಿಯಾ ಕಟ್ಟೆಯಿಂದ ಕೂಗಿದಳು. "ವಾಡಿ ನಂಬರ್ ಬಂದದ."

ಮನೆಯವರೆಲ್ಲ ಫೋನಿನ ಸುತ್ತ ಮಂಗಳಾರತಿಗೆ ನಿಂತವರಂತೆ ನಿಂತರು. ಯಾರೂ ಮುಟ್ಟಲಿಲ್ಲ. ಬೀಗರು ಪೂರಾ ಕೇಳಲಿ. ಫೋನು ಬಡಿಯಿತು, ಬಡಿಯಿತು, ಕಟ್ಟಾಯಿತು.

ಮತ್ತೆ ವಾಡಿ. ಮತ್ತೆ ಎಲ್ಲರೂ ಕೈಕಟ್ಟಿ ನಿಂತರು. ಮತ್ತೆ ಕಟ್ಟಾಯಿತು.

"ಎತ್ತೋ ಪಲ್ಲ್ಯಾ," ಎಂದರು ಶಾರದಾಬಾಯಿ. "ಉಣ್ಣೂ ಹೊತ್ತಾತು. ಅವರು ಹೌದು ಅನ್ನೂದ್ಯಾವಾಗ?"

ಮೂರನೆಯ ಸಲಕ್ಕೆ ಮಾಸ್ತರರು ಧೈರ್ಯ ಮಾಡಿದರು. ಸ್ವಲ್ಪ ಹೊತ್ತು ಬಡಿಯಲು ಬಿಟ್ಟು, ಎತ್ತಿ, "ಹೇಳ್ರಿ ರಾಯರ" ಎಂದರು.

ಆ ಕಡೆಯಿಂದ ಎರಡು ಮಾತು ಬಂದವು. ಫೋನು ಕಟ್ಟಾಯಿತು.

"ಏನಂದ್ರೋ?" ತಾಯಿ ದೀಪ ಎತ್ತಿ ಹಿಡಿದು ಮಗನ ಮುಖ ನೋಡಿದರು. "ಹೌದಂದ್ರೇನು?"

"ಎತ್ತಬ್ಯಾಡಂದಿದ್ನೆಲ್ಲ ಅಂದ್ರವ್ವಾ," ಎಂದರು ಪ್ರಹ್ಲಾದ ಮಾಸ್ತರರು. "ಪಲ್ಲವಿ ಮುಗದು ಈಗಷ್ಟೇ ಚರಣಕ್ಕ ಬಂದಿತ್ತಂತ."