ಭಾವನವರು ಕೆಡಿಸಿದ ದೆವ್ವಗಳು

ನಮ್ಮ ಭಾವನವರು ಬಂದು ಸೋಫಾದ ಮೇಲೆ ಕೂತರೆ ಸಾಕು, ಟಿವಿಯೊಳಗಿನ ದೆವ್ವಗಳು ರಾಜೀನಾಮೆ ಬರೆದಿಟ್ಟು ಹೊರಟುಹೋಗುತ್ತವೆ. ಇದನ್ನು ಹೊಗಳಿಕೆ ಅಂತ ಯಾರೂ ತಿಳಿಯಬೇಡಿ. ನಾನು ಕೋಪದಲ್ಲಿದ್ದೇನೆ. ಕಾನ್ವೆಂಟಿನಲ್ಲಿ ಓದಿ, ಕಾಲು ತುಳಿದವರಿಗೂ ನಾನೇ ಸಾರಿ ಹೇಳಿ ಬೆಳೆದವಳು. ಅಂಥವಳು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಹಾಗಾಗಿದೆ ಅಂದಮೇಲೆ ಆ ಮನುಷ್ಯ ಎಂಥವರಿರಬೇಕು, ನೀವೇ ಯೋಚಿಸಿ.

ಇವರು ನನ್ನ ಗಂಡನ ಅಣ್ಣ. ಮದುವೆಯಾಗಲಿಲ್ಲ. ಟೊರೆನ್ಸಿನಲ್ಲಿ ಒಬ್ಬರೇ ಇದ್ದಾರೆ. ಉಪಗ್ರಹಗಳ ಬಿಡಿಭಾಗಗಳನ್ನು ಒಂದು ಮೇಜಿಗೆ ಬಿಗಿದು, ಗಡಗಡ ಅಲ್ಲಾಡಿಸಿ, ಯಾವ ಸ್ಕ್ರೂ ಮೊದಲು ಕಳಚಿ ಬೀಳುತ್ತದೆ ಅಂತ ನೋಡುವುದು ಅವರ ಕೆಲಸ. ವಾರವೆಲ್ಲ ಸಂಬಳ ತೆಗೆದುಕೊಂಡು ಅಲ್ಲಾಡಿಸುತ್ತಾರೆ. ಶನಿವಾರ ಬಂತೆಂದರೆ ಸಂಬಳವಿಲ್ಲದೆ ನಮ್ಮನ್ನು ಅಲ್ಲಾಡಿಸಲು ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯವರೆಗೂ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾರೆ.

ಶನಿವಾರ ಮಧ್ಯಾಹ್ನ ಏನು ವಿಶೇಷ ಅಂದರೆ, ಅದು ನನ್ನದು ಮತ್ತು ನನ್ನ ಮಗಳದು. ಎಲ್ಲರೂ ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದ ಆ ಕೋವಿಡ್ ವರ್ಷದಲ್ಲಿ ನಾವಿಬ್ಬರೂ ಹಾರರ್ ಸಿನಿಮಾ ನೋಡಲು ಶುರುಮಾಡಿದೆವು. ಸ್ಯಾನ್ ಡಿಯೇಗೊದ ಬಿಸಿಲು ದೆವ್ವಕ್ಕೆ ಮರ್ಯಾದೆ ಕೊಡುವ ಬಿಸಿಲಲ್ಲ. ಹಾಗಾಗಿ ಕಿಟಕಿಯ ಪರದೆಗಳ ಅಂಚನ್ನು ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಮುಚ್ಚಿ, ಒಂದೇ ಹೊದಿಕೆಯೊಳಗೆ ಕೂರುತ್ತಿದ್ದೆವು. ಆಗ ಅವಳು ಚಿಕ್ಕವಳು. ಈಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಇಂಗ್ಲಿಷಿನಲ್ಲಿ ಕೇಳಿದರೆ ಭುಜ ಕುಣಿಸುವುದು. ತಲೆ ಸವರಲು ಹೋದರೆ "ಅಮ್ಮಾ, ಮೈ ಹೇರ್" ಅಂತ ಸರಿದುಕೊಳ್ಳುತ್ತಾಳೆ. ಆದರೆ ಟಿವಿಯಲ್ಲಿ ಒಂದು ಬಾಗಿಲು ತಾನಾಗಿ ತೆರೆದರೆ ಸಾಕು, ಹೊದಿಕೆಯೊಳಗಿಂದ ಅವಳ ಕೈ ಬಂದು ನನ್ನ ಕೈಯನ್ನು ಗಪ್ಪನೆ ಹಿಡಿಯುತ್ತದೆ. ಉಗುರು ನಾಟುವಷ್ಟು ಗಟ್ಟಿಯಾಗಿ. ಮುಂದಿನ ಫಾಲ್‌ಗೆ, ಅಂದರೆ ಸೆಪ್ಟೆಂಬರಿನ ಹೊತ್ತಿಗೆ, ಕಾಲೇಜಿಗೆ ಹೊರಟುಬಿಡುತ್ತಾಳೆ. ಅವಳು ತಾನಾಗಿ ನನ್ನ ಕೈ ಹಿಡಿಯುವುದಕ್ಕೆ ಉಳಿದಿರುವ ದಾರಿ ಇದೊಂದೇ. ನನಗೆ ದೆವ್ವ ಬೇಕಿದ್ದುದು ಅದಕ್ಕೆ.

ಅಂಥ ಹೊದಿಕೆಯ ಪಕ್ಕಕ್ಕೆ ಒಂದು ಶನಿವಾರ ನಮ್ಮ ಭಾವನವರು ಕೋಡುಬಳೆಯ ಡಬ್ಬಿ ಹಿಡಿದುಕೊಂಡು ಬಂದು ಕೂತರು.

ಸಿನಿಮಾದಲ್ಲಿ ಒಬ್ಬಳು ಹುಡುಗಿ ಬಚ್ಚಲುಮನೆಯಲ್ಲಿ ಕನ್ನಡಿಯ ಬೀರು ತೆರೆದಿದ್ದಳು. ಸಂಗೀತ ನಿಂತಿತ್ತು. ನನ್ನ ಮಗಳ ಬೆರಳು ಆಗತಾನೇ ನನ್ನ ಮಣಿಕಟ್ಟು ಹುಡುಕುತ್ತಿತ್ತು.

"ಈಗ ಬೀರು ಮುಚ್ತಾಳೆ," ಅಂದರು ಭಾವ. "ಕನ್ನಡಿಯಲ್ಲಿ ಹಿಂದೆ ಒಬ್ಬಳು ನಿಂತಿರ್ತಾಳೆ, ನೋಡಿ."

ಮುಚ್ಚಿದಳು. ನಿಂತಿದ್ದಳು. ಮಗಳು ಹೋ ಅಂತ ನಕ್ಕು, "ದೊಡ್ಡಪ್ಪ, ಹೌ ಡಿಡ್ ಯು ನೋ?" ಅಂದಳು. ನನ್ನ ಕಡೆ ಬರುತ್ತಿದ್ದ ಕೈ ಕೋಡುಬಳೆಯ ಕಡೆ ಹೋಯಿತು.

ಭಾವನವರಿಗೆ ಅಷ್ಟು ಸಾಕಾಯಿತು. ಮುಂದಿನ ವಾರದಿಂದ ಅದು ಸಿನಿಮಾ ಆಗಿ ಉಳಿಯಲಿಲ್ಲ, ಪಾಠವಾಯಿತು. "ಅವಳ ಹೆಗಲ ಪಕ್ಕ ಅಷ್ಟೊಂದು ಜಾಗ ಯಾಕೆ ಖಾಲಿ ಬಿಟ್ಟಿದ್ದಾರೆ? ಯಾರೋ ಬಂದು ನಿಲ್ಲೋದಕ್ಕೆ." "ಇದು ಬೆಕ್ಕು. ಮೊದಲು ಬೆಕ್ಕು ಬಿಟ್ಟು ನಾವು ಉಸಿರು ಬಿಡೋ ಹಾಗೆ ಮಾಡ್ತಾರೆ. ನಿಜವಾದ್ದು ಆಮೇಲೆ." ಎಲ್ಲವೂ ಹಾಗೆಯೇ ಆಗುತ್ತಿತ್ತು. ಒಂದಾದರೂ ತಪ್ಪಿದ್ದರೆ ಕ್ಷಮಿಸಬಹುದಿತ್ತು.

ಟೊರೆನ್ಸಿಗೂ ಆಚೆಯ ಪೋರ್ಟರ್ ರ್ಯಾಂಚಿನಲ್ಲಿ ನನ್ನ ಮೈಸೂರಿನ ಗೆಳತಿ ನಸೀಮಾ ಹೊಸ ಮನೆ ತೆಗೆದುಕೊಂಡಾಗ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದಳು. ಗುಡ್ಡದ ಮೇಲಿನ ಮನೆ, ಸಿನಿಮಾಕ್ಕೆಂದೇ ಒಂದು ಕೋಣೆ. ಒಳ್ಳೆಯ ದೆವ್ವವನ್ನೇ ಹಾಕಿದ್ದಳು. ಭಾವನವರು ಅವಳ ಕೈಯಿಂದ ರಿಮೋಟ್ ತೆಗೆದುಕೊಂಡು, ದೆವ್ವ ಬರುವ ಹೊತ್ತಿಗೆ ಸರಿಯಾಗಿ ಸದ್ದು ನಿಲ್ಲಿಸಿಬಿಟ್ಟರು. ಸದ್ದಿಲ್ಲದ ದೆವ್ವವನ್ನು ನೀವು ನೋಡಿದ್ದೀರಾ? ಪಾಪ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವ ಮುದುಕಿಯ ಹಾಗೆ ಕಾಣುತ್ತದೆ. ಆಮೇಲೆ ಅದೇ ದೃಶ್ಯವನ್ನು ಹಿಂದಕ್ಕೆ ಓಡಿಸಿ, ನಮ್ಮೆಲ್ಲರಿಂದ ಕಣ್ಣು ಮುಚ್ಚಿಸಿ, ಸದ್ದನ್ನು ಮಾತ್ರ ಕೇಳಿಸಿದರು. ಎಲ್ಲರೂ ನಡುಗಿದೆವು.

"ನೋಡಿದ್ರಾ? ಹೆದರಿಸೋದು ಮುಖ ಅಲ್ಲ, ಸದ್ದು. ಅದಕ್ಕಿಂತ ಹೆಚ್ಚಾಗಿ, ಸದ್ದು ಬರೋಕ್ ಮುಂಚಿನ ಆ ಸುಮ್ಮನಿರೋದು."

"ಅಣ್ಣಾ, ನೀವು ಬಿರಿಯಾನಿ ತಿನ್ನೋಕ್ ಮುಂಚೆ ಏಲಕ್ಕಿ ಎಲ್ಲಾ ಹುಡುಕಿ ಪಕ್ಕಕ್ಕಿಡೋ ಜಾತಿಯವರು," ಅಂದಳು ನಸೀಮಾ.

"ಹೌದು," ಅಂದರು ಭಾವ, ಗಂಭೀರವಾಗಿ. "ಹಲ್ಲಿಗೆ ಸಿಕ್ಕಿಬಿಟ್ರೆ?"

ನನ್ನ ಕೋಪಕ್ಕೆ ತುಪ್ಪ ಬಿದ್ದದ್ದು ಎಲ್ಲಿ ಗೊತ್ತೇ? ಅವರು ಹೇಳಿದ್ದು ನಿಜವಾಗಿತ್ತು. ನಮ್ಮ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಅವರ ಸೊಂಟದ ಜಪಮಣಿ ಕಾರಿಡಾರಿನಲ್ಲಿ ಟಕಟಕ ಅಂದರೆ ನಾವು ಪಿಸುಮಾತು ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡುತ್ತಿದ್ದೆವು. ಆ ಸದ್ದಿಗೆ ಯಾರೂ ಹೆದರುತ್ತಿರಲಿಲ್ಲ. ಸಿಸ್ಟರ್ ಮಣಿಯನ್ನು ಜೇಬಿಗೆ ಹಾಕಿಕೊಂಡು ಬರುವ ದಿನಕ್ಕೆ ಹೆದರುತ್ತಿದ್ದೆವು. ಆದರೆ ಭಾವನವರ ಪಾಠದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಬೆಂಚಿನ ಮೇಲೆ ಪಕ್ಕದವಳ ಮೊಣಕೈ ನನ್ನ ಮೊಣಕೈಗೆ ಒತ್ತಿಕೊಳ್ಳುತ್ತಿತ್ತಲ್ಲ, ಅದು. ಒಬ್ಬಳೇ ಕೂತು ಹೆದರಿದರೆ ಅದರಲ್ಲಿ ಏನು ಸುಖ? ಹೆದರಿಕೆಗೆ ಪಕ್ಕದಲ್ಲಿ ಇನ್ನೊಂದು ಮೈ ಬೇಕು. ಅದನ್ನೇ ಈ ಮನುಷ್ಯ ನನ್ನಿಂದ ಕಿತ್ತುಕೊಳ್ಳುತ್ತಿದ್ದುದು.

ಗಂಡನ ಹತ್ತಿರ ದೂರು ಕೊಟ್ಟೆ. ಅವರು ಕಾಫಿ ಆರಿಸುತ್ತಾ ಕಥೆ ಹೇಳಿದರು. "ನಾನು ಚಿಕ್ಕವನಿದ್ದಾಗ ಬಚ್ಚಲಿಗೆ ಹೋಗೋಕೆ ಹೆದರ್ತಿದ್ದೆ ಕಣೆ. ಕರೆಂಟ್ ಹೋದ್ರೆ ಅಣ್ಣನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದ. ದಾರಿಯುದ್ದ ಹೇಳ್ತಿದ್ದ. ಈಗ ಬಾಗಿಲು ಕಿರ್ ಅನ್ನತ್ತೆ, ಈಗ ಹಂಡೆ ಟಣ್ ಅನ್ನತ್ತೆ, ಹೆದರಬೇಡ ಅಂತ."

"ನಿಮ್ಮ ಮಗಳು ಬಚ್ಚಲಿಗೆ ಒಬ್ಬಳೇ ಹೋಗ್ತಾಳೆ," ಅಂದೆ. "ಅವಳಿಗೆ ಆ ಸೇವೆ ಬೇಡ."

ಕೊನೆಗೆ ನಾನೇ ಹೇಳಿದೆ. ಮಗಳ ಹುಟ್ಟುಹಬ್ಬಕ್ಕೆ ಹೊಸ ಹಾರರ್ ಸಿನಿಮಾವನ್ನು ಥಿಯೇಟರಿನಲ್ಲಿ ನೋಡುವುದೆಂದು ಠರಾವಾಗಿತ್ತು, ಮಧ್ಯಾಹ್ನದ ಆಟ. ದೊಡ್ಡಪ್ಪನೂ ಬರಲಿ ಅಂತ ಅವಳೇ ಟಿಕೆಟ್ ತೆಗೆಸಿದ್ದಳು. ಪಾರ್ಕಿಂಗಿನಲ್ಲಿ ಭಾವನವರನ್ನು ತಡೆದು, "ಎಕ್ಸ್‌ಕ್ಯೂಸ್ ಮಿ ಭಾವ, ಇವತ್ತು ಸಿನಿಮಾ ಮುಗಿಯೋವರೆಗೂ ನೀವು ಒಂದೇ ಒಂದು ಮಾತೂ ಆಡಬಾರದು. ಆಡಿದ್ರೆ ಇನ್ನು ಶನಿವಾರ ನಮ್ಮನೆಗೆ ಬರೋದೇ ಬೇಡ," ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಅವರು ಕಾರಿನ ಕೀಲಿಯನ್ನೊಮ್ಮೆ ನೋಡಿಕೊಂಡರು. "ಆಯ್ತಮ್ಮ," ಅಂದರು.

ಒಳಗೆ ನಾನು ನಡುವೆ ಕೂತೆ. ಎಡಗಡೆ ಮಗಳು, ಬಲಗಡೆ ಭಾವ. ಗಂಡ ಆಚೆ ತುದಿಯಲ್ಲಿ ಆಗಲೇ ನಿದ್ದೆಗೆ ಜಾರಿದ್ದರು. ಸಿನಿಮಾ ಚೆನ್ನಾಗಿತ್ತು. ಅಂದರೆ ಭಯಂಕರವಾಗಿತ್ತು. ಭಾವನವರು ಮಾತು ಉಳಿಸಿಕೊಂಡರು. ಮಗಳ ಕೈ ಬಂತು, ಹೋಯಿತು, ಮತ್ತೆ ಬಂತು. ಗೆದ್ದೆ ಅಂದುಕೊಂಡೆ.

ಆಮೇಲೆ ಆ ದೃಶ್ಯ. ಒಂದು ಉದ್ದನೆಯ ಕತ್ತಲೆಯ ಮೆಟ್ಟಿಲು, ಸದ್ದು ಪೂರ್ತಿ ಹೋಗಿಬಿಟ್ಟಿದೆ. ಪಕ್ಕದಲ್ಲಿ ಏನೋ ಕಟಕಟ ಅಂತು. ತಿರುಗಿದರೆ, ಭಾವನವರ ಕೈಯಲ್ಲಿ ಸೋಡಾದ ಲೋಟ. ಅದರೊಳಗೆ ಐಸು ಅಲ್ಲಾಡುತ್ತಿದೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ. ತುಟಿ ಮಾತ್ರ, ಬಚ್ಚಲ ದಾರಿಯಲ್ಲಿ ತಮ್ಮನಿಗೆ ಹೇಳುತ್ತಿದ್ದರಂತಲ್ಲ, ಹಾಗೆ ಸದ್ದಿಲ್ಲದೆ ಆಡುತ್ತಿದೆ. ಹಣೆಯ ಅಂಚಿನಲ್ಲಿ, ಕೂದಲಿಗೆ ಬಣ್ಣ ಹಚ್ಚುವಾಗ ಬಿಟ್ಟುಹೋದ ಒಂದು ಬಿಳಿ ಗೆರೆ ಬೆವರಿನಲ್ಲಿ ಹೊಳೆಯುತ್ತಿದೆ. ಮಾತಾಡಬಾರದು ಅಂದಿದ್ದೆನಲ್ಲ, ಆಡುತ್ತಿಲ್ಲ.

ನನ್ನ ಕೋಪ ಹೋಗಿರಲಿಲ್ಲ. ಆದರೂ ಬಗ್ಗಿ ಕೇಳಿದೆ. "ಭಾವ, ನನ್ನ ಕಿವಿಯಲ್ಲಿ ಹೇಳಿ. ಈಗ ಏನು ಬರತ್ತೆ?"

ಅವರು ಕಣ್ಣು ತೆರೆದು ಮೆಟ್ಟಿಲನ್ನು ನೋಡಿದರು. ನನ್ನನ್ನು ನೋಡಿದರು.

"ಗೊತ್ತಾಗ್ತಿಲ್ಲಮ್ಮ," ಅಂದರು.

ಮದುವೆಯಾಗಿ ಬಂದಂದಿನಿಂದ ಹಬ್ಬಹಬ್ಬಕ್ಕೂ ಅವರ ಕಾಲಿಗೆ ನಮಸ್ಕರಿಸಿದ್ದೇನೆ, ಕೈ ಮುಟ್ಟಿದವಳಲ್ಲ. ಊರಿನಲ್ಲಿ ನಮ್ಮ ಕಡೆಯವರು ಭಾವನವರ ಎದುರು ಕುರ್ಚಿಯಲ್ಲಿ ಕೂರುವುದಕ್ಕೂ ಹಿಂದುಮುಂದು ನೋಡುತ್ತಾರೆ. ಲೋಟವನ್ನು ತೆಗೆದು ಕೆಳಗಿಟ್ಟು, ಆ ತಣ್ಣನೆಯ ಒದ್ದೆ ಕೈಯನ್ನು ಹಿಡಿದುಕೊಂಡೆ. ಆ ಕಡೆಯಿಂದ ಮಗಳ ಕೈಯೂ ಬಂತು, ಉಗುರು ಸಮೇತ. ಮೆಟ್ಟಿಲ ಮೇಲೆ ಏನೋ ಕದಲಿತು. ಎರಡೂ ಪಕ್ಕದವರು ಕಣ್ಣು ಮುಚ್ಚಿಕೊಂಡರು. ನಾನೂ ಮುಖ ಮುಚ್ಚಿಕೊಳ್ಳೋಣವೆಂದರೆ ನನಗೆ ಒಂದು ಕೈಯೂ ಉಳಿದಿರಲಿಲ್ಲ. ಹಾಗೆಯೇ ಕಣ್ಣು ಬಿಟ್ಟುಕೊಂಡು, ಮೂವರ ಪರವಾಗಿಯೂ ನಾನೊಬ್ಬಳೇ ನೋಡಿದೆ.