ಪುಸ್ತಕದಲ್ಲಿಲ್ಲದ ಮದುವೆ

ಶನಿವಾರ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಫಾದರ್ ಜೆರಿನ್ ಕೇಳಿದ್ದು ಸಣ್ಣ ಸಂಗತಿ. ಮದುವೆಯಾದ ತಾರೀಖು.

ಹೊಲಿಗೆ ಯಂತ್ರ ರಿಪೇರಿ ಮಾಡುವ ಅವಿರಾ ಎದೆಯುಬ್ಬಿಸಿ ಹೇಳಿದ. ಮರುದಿನಕ್ಕೆ ಅವನ ಮದುವೆಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಭಾನುವಾರ ಹತ್ತು ಗಂಟೆಯ ಪೂಜೆಯಲ್ಲಿ ಅವನನ್ನೂ ಹೆಂಡತಿ ಕುಂಜೇಲಿಯನ್ನೂ ಇಡೀ ಊರಿನ ಮುಂದೆ ನಿಲ್ಲಿಸಿ ಆಶೀರ್ವದಿಸುವುದು, ಬಿಷಪ್ಪರ ಮೊಹರಿರುವ ಆಶೀರ್ವಾದಪತ್ರ ಕೊಡುವುದು, ಆಮೇಲೆ ನೂರೈವತ್ತು ಜನಕ್ಕೆ ಅಕ್ಕಿಯ ಅಪ್ಪ ಮತ್ತು ಬಾತುಕೋಳಿ ಸಾರು. ಬಾತುಗಳು ಆಗಲೇ ಅವನ ಹಿತ್ತಿಲಲ್ಲಿ ಕಾಲು ಕಟ್ಟಿಸಿಕೊಂಡು ಕೂತು, ತಮಗೆ ಒದಗಿದ ಗತಿಯ ಬಗ್ಗೆ ಗಟ್ಟಿದನಿಯಲ್ಲಿ ಚರ್ಚೆ ನಡೆಸಿದ್ದವು.

ಆಶೀರ್ವಾದಪತ್ರಕ್ಕೆ ಮದುವೆ ಪುಸ್ತಕದ ಪುಟಸಂಖ್ಯೆ ಬೇಕಿತ್ತು. ಚರ್ಚಿನ ಗಂಟೆ ಹೊಡೆಯುವ ಕಪ್ಯಾರ್ ವರೀದ್ ಆ ವರ್ಷದ ಪುಸ್ತಕ ತೆಗೆದ. ಬೆರಳಿಗೆ ಉಗುಳು ಹಚ್ಚಿ ಒಂದು ಸಲ ಮಗುಚಿದ. ಇನ್ನೊಂದು ಸಲ ಮಗುಚಿದ. ಮೂರನೆಯ ಸಲ ಫಾದರ್ ತಾವೇ ಮಗುಚಿದರು.

"ಅವಿರಾಚ, ನಿಮ್ಮ ಮದುವೆ ಇಲ್ವಲ್ಲ."

"ಇಲ್ಲ ಅಂದ್ರೆ? ಬೆಳಿಗ್ಗೆ ಕಾಫಿ ಕುಡಿಯುವಾಗ ಇತ್ತಲ್ಲ ಫಾದರ್!"

ಫಾದರ್ ಜೆರಿನ್ ನಗಲಿಲ್ಲ. ರೋಮಿನಲ್ಲಿ ಮೂರು ವರ್ಷ ಧರ್ಮಸಭೆಯ ಕಾನೂನು ಓದಿ ಆಗಷ್ಟೇ ಬಂದವರು. ಮೊಣಕಾಲೂರುವಾಗಲೂ ಯಾವ ಕಲಮಿನ ಪ್ರಕಾರ ಊರುತ್ತಿದ್ದೇನೆ ಎಂದು ಯೋಚಿಸುವ ಪೈಕಿ. ಅವರು ಒಂದೊಂದೇ ಕೇಳಿದರು. ಮದುವೆ ಮಾಡಿಸಿದ ಪಾದ್ರಿ? ತೀರಿಕೊಂಡು ಒಂಬತ್ತು ವರ್ಷ. ಸಾಕ್ಷಿಗಳು? ಒಬ್ಬರು ಚರ್ಚಿನ ಹಿಂದೆಯೇ ಇದ್ದಾರೆ, ಮೂರನೆಯ ಸಾಲಿನ ಸಮಾಧಿಯಲ್ಲಿ. ಇನ್ನೊಬ್ಬರು ಬದುಕಿದ್ದಾರೆ, ಅವರ ನೆನಪು ಮಾತ್ರ ಮುಂಚೆಯೇ ಹೊರಟುಹೋಗಿದೆ. ಫೋಟೋ ಆಲ್ಬಮ್? ನೆರೆ ಬಂದಾಗ ನೀರು ಕೊಂಡೊಯ್ದಿತ್ತು.

"ಸಂಜೆ ಐದಕ್ಕೆ ಇಬ್ಬರೂ ಬನ್ನಿ," ಎಂದರು ಫಾದರ್. "ಇಬ್ಬರು ಸಾಕ್ಷಿ ಕರ್ಕೊಂಡು ಬನ್ನಿ. ಮತ್ತೊಂದು ಸಲ ಸಮ್ಮತಿ ಹೇಳಿಸಿ ಪುಸ್ತಕದಲ್ಲಿ ಬರೆದುಬಿಡ್ತೀನಿ. ಆದ್ರೆ ಅದಕ್ಕೆ ಮುಂಚೆ ಕುಂಜೇಲಿ ಅವರನ್ನ ಒಬ್ಬರನ್ನೇ ಕೂರಿಸಿ, ಬಾಗಿಲು ಹಾಕಿ ಕೇಳಬೇಕು. ಯಾರ ಬಲವಂತವೂ ಇಲ್ಲದೆ ನಿಮ್ಮನ್ನ ಮದುವೆ ಆಗೋಕೆ ಅವರಿಗೆ ಮನಸ್ಸಿದೆಯಾ ಅಂತ."

"ಇದ್ದೇ ಇರುತ್ತೆ ಫಾದರ್."

"ಅದನ್ನ ಅವರು ಹೇಳಬೇಕು. ಇಲ್ಲಾಂದ್ರೆ ನಾಳೆ ಆಶೀರ್ವಾದ ಇಲ್ಲ."

ಅವಿರಾ ನಗುನಗುತ್ತಲೇ ಮನೆಗೆ ಬಂದ. ಕುಂಜೇಲಿ ಅಡುಗೆಮನೆಯ ನೆಲದಲ್ಲಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಎದುರಿಗೆ ಈರುಳ್ಳಿಯ ಗುಡ್ಡ. ಅವನು ನಡೆದದ್ದನ್ನೆಲ್ಲ ಹೇಳಿ, "ಹೆಂಗಿದೆ ನೋಡು ತಮಾಷೆ!" ಎಂದ.

ಕುಂಜೇಲಿ ಚಾಕು ಕೆಳಗಿಟ್ಟಳು.

"ಅಂದ್ರೆ ಈಗ ನನ್ನ ಕೇಳ್ತಾ ಇದ್ದೀರಾ, ಇಚ್ಚಾಯ?"

"ಹ್ಞೂಂ ಕಣೇ. ಹೋಗಿ ಒಂದು ಹೌದು ಅಂದ್ಬಿಟ್ಟು ಬಾ."

"ಹೋದ ಸಲ ನನ್ನ ಯಾರೂ ಕೇಳ್ಲಿಲ್ಲ. ನಿಮ್ಮಪ್ಪ ಕೇಳಿದ್ರು, ನಮ್ಮಪ್ಪ ಹೌದಂದ್ರು. ಫಾದರ್ ಕೇಳೋ ಹೊತ್ತಿಗೆ ಹೊರಗೆ ಬ್ಯಾಂಡಿನೋರು ಶುರು ಹಚ್ಕೊಂಡಿದ್ರು. ನಾನು ಏನಂದೆ ಅಂತ ನಂಗೇ ಕೇಳಿಸ್ಲಿಲ್ಲ."

"ಅದಕ್ಕೇನೀಗ?"

"ಏನಿಲ್ಲ. ಯೋಚನೆ ಮಾಡಿ ಹೇಳ್ತೀನಿ."

ಅವಿರಾನ ನಗು ತುಟಿಯ ಮೇಲೆಯೇ ಒಣಗಿತು, ಬಂಡೆಯ ಮೇಲೆ ಹರವಿದ ಮೀನಿನಂತೆ.

ಕಪ್ಯಾರ್ ವರೀದ್ ಗಂಟೆಯ ಜೊತೆಗೇ ಸುದ್ದಿಯನ್ನೂ ಬಾರಿಸಿದ್ದನೋ ಏನೋ, ಅರ್ಧ ಗಂಟೆಯೊಳಗೆ ಪಕ್ಕದ ಮನೆಯ ಶೋಶಾಮ್ಮ ಬೇಲಿ ದಾಟಿ ಬಂದಳು. ಎಪ್ಪತ್ತು ದಾಟಿದವಳು, ಬಿಳಿ ರವಿಕೆ ಪಂಚೆಯ ಚಟ್ಟೆ ಮುಂಡು ಉಟ್ಟ ಮುದುಕಿ. ಸಾವಿನ ಮನೆಗೆ ಹೋಗುವಾಗಿನ ಮುಖವನ್ನೇ ಇಲ್ಲಿಗೂ ಹಾಕಿಕೊಂಡು ಬಂದಿದ್ದಳು. ನೇರವಾಗಿ ಕುಂಜೇಲಿಯ ಪಕ್ಕ ಕೂತು ಬೆನ್ನು ಸವರಿದಳು.

"ಅಯ್ಯೋ ಮಗಳೇ, ಇಪ್ಪತ್ತೈದು ವರ್ಷ ಸಂಬಂಧವೇ ಇಲ್ಲದ ಗಂಡಸಿನ ಬಟ್ಟೆ ಒಗೆದ್ಯಲ್ಲೇ!"

"ಶೋಶಾಮ್ಮಚೇಚಿ, ನೀವು ನಮ್ಮ ಮದುವೆಗೆ ಬಂದಿರ್ಲಿಲ್ವಾ?" ಎಂದು ಅವಿರಾ ರೇಗಿದ. "ಬಂದು ಫಾದರಿಗೆ ಅಷ್ಟು ಹೇಳಿ. ಅಲ್ಲಿಗೆ ಮುಗೀತು."

"ಬರದೇ ಏನು? ಬಂದಿದ್ದೆ. ಹುರಿದ ಮಾಂಸಕ್ಕೆ ಉಪ್ಪು ಕಮ್ಮಿ ಆಗಿತ್ತು. ಮೊಸರು ಹುಳಿ. ಎಲ್ಲಾ ನೆನಪಿದೆ. ಆದ್ರೆ ನೀನು ಇವಳ ಕೊರಳಿಗೆ ಮಿನ್ನು ಕಟ್ಟಿದ್ದನ್ನ ನಾನು ನೋಡಿಲ್ಲಪ್ಪ. ಮೊದಲ ಪಂಕ್ತಿ ತಪ್ಪಬಾರದು ಅಂತ ಚಪ್ಪರದಲ್ಲೇ ಕೂತಿದ್ದೆ. ಸುಳ್ಳು ಸಾಕ್ಷಿ ಹೇಳಿ ನರಕಕ್ಕೆ ಹೋಗ್ಲಾ?"

ಅವಿರಾ ಛತ್ರಿ ಹಿಡಿದು ಕಾಲುವೆಯ ದಂಡೆಯುದ್ದಕ್ಕೂ ಮನೆಮನೆ ಹತ್ತಿ ಇಳಿದ. ಹನ್ನೊಂದು ಮನೆ. ಎಲ್ಲರೂ ಮದುವೆಗೆ ಬಂದವರೇ. ಮೀನಿನ ತುಂಡು ಸಣ್ಣದಾಗಿತ್ತು ಎಂದು ಒಬ್ಬರು, ಬಾಳೆಹಣ್ಣು ಕೊಡಲೇ ಇಲ್ಲ ಎಂದು ಒಬ್ಬರು. ಇಪ್ಪತ್ತೈದು ವರ್ಷದ ಹಿಂದಿನ ಎಲೆಯ ಮೇಲೆ ಏನೇನಿತ್ತು ಎಂದು ಆ ದಂಡೆಗೆ ದಂಡೆಯೇ ಕಂಠಪಾಠ ಒಪ್ಪಿಸಿತು. ಗಂಡು ಹೆಣ್ಣಿನ ಕೊರಳಿಗೆ ಏನಾದರೂ ಕಟ್ಟಿದ್ದನೇ ಎಂಬುದನ್ನು ಮಾತ್ರ ಒಂದು ಪಿಳ್ಳೆಯೂ ಕಂಡಿರಲಿಲ್ಲ.

ಹನ್ನೆರಡನೆಯ ಮನೆಯ ಮುಂದೆ ಮದುವೆ ದಲ್ಲಾಳಿ ಪೈಲಿ ಸಿಕ್ಕಿದ. ಬಗಲಲ್ಲಿ ವಧೂವರರ ಡೈರಿ, ಕಿವಿಯ ಮೇಲೆ ಪೆನ್ಸಿಲ್. ಅವಿರಾನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಸಂತೆಯಲ್ಲಿ ಮುದಿ ಎತ್ತನ್ನು ನೋಡುವಂತೆ.

"ಕೇಳ್ದೆ, ಕೇಳ್ದೆ. ಮಗಳ ಮದುವೆ ಹೋದ ವರ್ಷ ಆಯ್ತು, ಅಪ್ಪಂದು ಇನ್ನೂ ಆಗ್ಬೇಕು! ಆ ಮನೇಲಿ ಈಗ ಮಗಳೇ ಹಿರಿಯಳು ಬಿಡು."

"ಪೈಲಿಚೇಟ, ಈ ಸಂಬಂಧ ಕುದುರಿಸಿದ್ದು ನೀವೇ. ನೀವಾದ್ರೂ..."

"ಕುದುರಿಸಿದ್ದು ಹೌದು. ಅವತ್ತು ಇನ್ನೂ ಎರಡು ಮದುವೆ ಇತ್ತು, ನಿಮ್ಮದಕ್ಕೆ ಬರೋಕಾಗ್ಲಿಲ್ಲ. ಈಗ ಒಂದು ಮಾತು, ಬೇಜಾರ್ ಮಾಡ್ಕೋಬೇಡ. ಐವತ್ತೊಂದು ವರ್ಷ, ಹೊಟ್ಟೆ, ಗೊರಕೆ, ಮುಂದಿನ ಹಲ್ಲು ಕಟ್ಟಿಸಿದ್ದು. ನಿನಗೆ ಈಗ ಹೆಣ್ಣು ನೋಡೋದು ಕಷ್ಟ. ಕುಂಜೇಲಿ ಹಾಗಲ್ಲ. ಅವಳ ಕೈಯ ಬಾತುಕೋಳಿ ಸಾರಿಗೆ ಹೆಸರಿದೆ. ಮುಂಡಕ್ಕಯದಲ್ಲಿ ಒಬ್ರಿದ್ದಾರೆ, ಹೆಂಡತಿ ಹೋಗಿ ಎರಡು ವರ್ಷ, ಹತ್ತು ಎಕರೆ ರಬ್ಬರ್, ಬಾಯಿ ಬಿಟ್ಟು ಒಂದು ಮಾತಾಡೋ ಮನುಷ್ಯ ಅಲ್ಲ. ನಾನು ಹೋಗಿ ಅವಳ ಕಿವಿ ಮೇಲೆ ಸುಮ್ನೆ ಒಂದು ಮಾತು..."

ಮಾತು ಪೂರ್ತಿಯಾಗುವಷ್ಟರಲ್ಲಿ ಅವಿರಾ ಛತ್ರಿ ಎತ್ತಿದ್ದ. ಪೈಲಿ ಓಡಿದ. ಅವಿರಾ ಬೆನ್ನಟ್ಟಿದ. ಮುದುಕ ಪೈಲಿ ಕಾಲುವೆಯ ತೆಂಗಿನ ಸಂಕವನ್ನು ಅಳಿಲಿನಂತೆ ದಾಟಿದ. ಅವಿರಾ ಅರ್ಧದವರೆಗೆ ದಾಟಿದ. ಉಳಿದರ್ಧಕ್ಕೆ ಸಂಕದ ಸಹಕಾರ ಸಿಗಲಿಲ್ಲ.

ಸೊಂಟದವರೆಗೆ ಕೆಸರು ಹೊತ್ತು ಬಂದ ಗಂಡನನ್ನು ಕುಂಜೇಲಿ ನೋಡಿದಳು. ಬಾಗಿಲ ಬಳಿ ಒಂದು ಬಿಂದಿಗೆ ನೀರಿಟ್ಟಳು. ಹೇಗಾದರೂ ಅವಳನ್ನು ಒಲಿಸಬೇಕಿತ್ತು. ಅವನು ಈರುಳ್ಳಿಯ ಗುಡ್ಡದ ಮುಂದೆ ಕೂತ. ನಾಲ್ಕು ಸುಲಿಯುವಷ್ಟರಲ್ಲಿ ಕಣ್ಣಿಂದ ಧಾರೆ. ಕಿಟಕಿಯಲ್ಲಿ ಇಣುಕಿದ ಶೋಶಾಮ್ಮ ದಂಡೆಗೆಲ್ಲ ಕೇಳುವ ಹಾಗೆ ಕೂಗಿದಳು: "ಅಳ್ತಾ ಇದ್ದಾನೆ ಕಣ್ರೇ! ಅವಳು ಒಲ್ಲೆ ಅಂದಿರ್ಬೇಕು!"

ಮರ್ಯಾದೆ ಉಳಿಸಿಕೊಳ್ಳಲು ಅವನು ಹಿತ್ತಿಲಿಗೆ ಎದ್ದುಹೋದ. ಬಾಯಾರಿ ಕೂಗುತ್ತಿದ್ದ ಬಾತುಗಳಿಗೆ ನೀರು ಕುಡಿಸಿ ಅಷ್ಟಾದರೂ ಒಳ್ಳೆಯವನೆನಿಸಿಕೊಳ್ಳೋಣವೆಂದು ಹಗ್ಗ ಬಿಚ್ಚಿದ. ಬಾತುಗಳು ನೀರಿಗೆ ಕಾಯಲಿಲ್ಲ. ನೀರಿದ್ದಲ್ಲಿಗೆ ತಾವೇ ಹೋದವು. ಇಪ್ಪತ್ತೆಂಟು ಬಾತುಗಳು ಒಂದರ ಹಿಂದೊಂದು ಕಾಲುವೆಗಿಳಿದು, ಹಬ್ಬದ ಮೆರವಣಿಗೆಯಂತೆ ಗಂಭೀರವಾಗಿ ತೇಲುತ್ತ ತಿರುವಿನಲ್ಲಿ ಮರೆಯಾದವು.

"ಇಚ್ಚಾಯ," ಎಂದಳು ಕುಂಜೇಲಿ ಬಾಗಿಲಲ್ಲಿ ನಿಂತು, "ಸ್ನಾನ ಮಾಡಿ. ಐದಾಗ್ತಾ ಬಂತು."

ಸಾಕ್ಷಿಗಳಾಗಿ ಬಂದವರು ಶೋಶಾಮ್ಮ ಮತ್ತು ಪೈಲಿ. ಬೇರೆ ಯಾರೂ ಸಿಗಲಿಲ್ಲ. ಉಳಿದವರೆಲ್ಲ ಬಾತು ಹಿಡಿಯಲು ಹೋಗಿದ್ದರು. ಫಾದರ್ ಕುಂಜೇಲಿಯನ್ನು ಪೂಜಾವಸ್ತ್ರಗಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಒಂದು ಪ್ರಶ್ನೆ, ಒಂದು ಉತ್ತರ. ಎರಡು ನಿಮಿಷದ ಕೆಲಸ. ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು.

"ಇಷ್ಟು ಹೊತ್ತು ಅಂದ್ರೆ ಇಲ್ಲ ಅಂತಾನೇ ಅರ್ಥ," ಎಂದಳು ಶೋಶಾಮ್ಮ. "ಹೌದು ಅನ್ನೋಕೆ ಇಷ್ಟು ಹೊತ್ತು ಬೇಕಾ?"

"ಮುಂಡಕ್ಕಯದೋರ ನಂಬರ್ ನನ್ನ ಹತ್ರ ಇದೆ," ಎಂದು ಪೈಲಿ ಎರಡು ಹೆಜ್ಜೆ ದೂರದಲ್ಲಿ ನಿಂತು ಹೇಳಿದ.

ಅವಿರಾ ಪೀಠದ ಕಡೆ ತಿರುಗಿ ಕೈಮುಗಿದ. ಅಂಗಡಿಯ ಬಾಡಿಗೆಗೆ, ಮಗಳ ಹೆರಿಗೆಗೆ, ಮಂಡಿನೋವಿಗೆ ಎಷ್ಟೋ ಸಲ ಇಲ್ಲೇ ನಿಂತು ಬೇಡಿದ್ದ. ಹೆಂಡತಿಯನ್ನು ಕೊಡು ಎಂದು ಬೇಡಿದ್ದು ಇದೇ ಮೊದಲು. ಅವಳಿಲ್ಲದ ಮನೆ ಹೇಗಿರಬಹುದು ಎಂದು ಊಹಿಸಲು ಹೋದ. ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದೇ ಹೊಳೆಯದೆ ಅಲ್ಲಿಗೇ ನಿಂತ.

ಬಾಗಿಲು ತೆರೆಯಿತು. ಫಾದರ್ ಜೆರಿನ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಒಪ್ಪಿದ್ದಾರೆ," ಎಂದರು. "ಅವರು ಹೇಳಿದ್ದನ್ನ ನೀವೂ ಕೇಳ್ಬೇಕು."

ಕುಂಜೇಲಿ ಸೆರಗಿನ ತುದಿ ನೋಡುತ್ತ ಹೇಳಿದಳು: "ಪುಸ್ತಕದಲ್ಲಿ ಇಲ್ಲ ಅಂತ ನಂಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ತಾಯಂದಿರ ಸಂಘದೋರು ಬೀರು ಒರೆಸೋಕೆ ಬಂದಾಗ ಆಸೆಯಿಂದ ಹುಡುಕ್ದೆ. ಇರ್ಲಿಲ್ಲ. ಆಗಿನ ದೊಡ್ಡ ಫಾದರಿಗೆ ಹೇಳ್ದೆ. ಅವರು, ದೇವರ ಪುಸ್ತಕದಲ್ಲಿರುತ್ತೆ ಹೋಗಮ್ಮ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಯಾಕೆ ಹೇಳ್ಲಿ? ನೀವು ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಳಿದಾಗ ಅಂದ್ಕೋತಿದ್ದೆ: ನನ್ನ ಯಾರೂ ಕಟ್ಟಿಹಾಕಿಲ್ಲ, ಈಗಲೇ ಎದ್ದು ಹೋಗ್ಬಹುದು. ಸರಿ, ಅನ್ನಕ್ಕಿಟ್ಟು ಹೋಗೋಣ ಅಂತ ಒಲೆ ಹಚ್ಚೋಳು. ಅನ್ನ ಆಗೋ ಹೊತ್ತಿಗೆ ನೀವು ಮಂಡಿ ಹಿಡ್ಕೊಂಡು ಕುಂಟ್ತಾ ಬರ್ತಿದ್ರಿ. ಎಣ್ಣೆ ಹಚ್ಚಿ ಹೋಗೋಣ ಅಂತಿದ್ದೆ. ಹೀಗೇ ದಿನಾ ನಾನೇ ಯೋಚಿಸಿ ಇದ್ದೆ. ಯಾರೂ ಇರು ಅಂದಿದ್ದಕ್ಕಲ್ಲ."

ಶೋಶಾಮ್ಮನೂ ಮೂಗು ಒರೆಸಿಕೊಂಡಳು. ಪೈಲಿ ಡೈರಿ ಮುಚ್ಚಿದ. ಅವಿರಾ ಮುಂದೆ ಬಂದ. ಅಷ್ಟು ಜನರ ಮುಂದೆ ಹೆಂಡತಿಯ ಕೈ ಹಿಡಿದು, "ಇನ್ಮೇಲೆ ತಟ್ಟೆ ತಳ್ಳಲ್ಲ ಕಣೇ. ಉಪ್ಪಿಲ್ಲದಿದ್ರೂ ತಿಂತೀನಿ. ತಟ್ಟೆ ನಾನೇ ತೊಳೀತೀನಿ," ಎಂದ. ಕುಂಜೇಲಿಯ ಮುಖ ಹದಿನಾರರ ಹುಡುಗಿಯಂತೆ ಕೆಂಪಾಯಿತು. ಫಾದರ್ ಪ್ರಾರ್ಥನೆಯ ಪುಸ್ತಕ ತೆರೆದರು.

ಆಗ ವರೀದ್ ಓಡಿಬಂದ. ಕೈಯಲ್ಲಿ ಕಪ್ಪು ರಟ್ಟಿನ ದಪ್ಪ ಪುಸ್ತಕ.

"ಸಿಕ್ತು ಫಾದರ್, ಸಿಕ್ತು! ಇವರ ಮದುವೆ ವಾರದಲ್ಲೇ ನಮ್ಮಜ್ಜಿ ತೀರ್ಕೊಂಡಿದ್ದು. ಅಜ್ಜಿ ನೆನಪಾಗಿ ಮರಣ ಪುಸ್ತಕ ತೆಗೆದ್ರೆ, ಅಜ್ಜಿ ಕೆಳಗೇ ಅವಿರಾಚ ಇದ್ದಾರೆ!"

ಮದುವೆ ಮಾಡಿಸಿದ ಪಾದ್ರಿಗೆ ಆ ಕಾಲಕ್ಕೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೈಗೆ ಸಿಕ್ಕ ಪುಸ್ತಕ ತೆರೆದು, ಅಂಕಣಕ್ಕೆ ತಕ್ಕಂತೆ ಶ್ರದ್ಧೆಯಿಂದ ತುಂಬಿದ್ದರು. ವರೀದ್ ಓದಿದ: "ಹೆಸರು, ಅವಿರಾ. ವಯಸ್ಸು, ಇಪ್ಪತ್ತಾರು. ಮರಣದ ಕಾರಣ, ಇಬ್ಬರ ಸಮ್ಮತಿ. ಕೊನೆಗಳಿಗೆಯಲ್ಲಿ ಹತ್ತಿರ ಇದ್ದವರು, ಕುಂಜೇಲಿ, ಇಪ್ಪತ್ತೊಂದು. ಸಮಾಧಿಯ ಸ್ಥಳ, ಸ್ವಂತ ಮನೆ."

"ಸಹಿ, ಮೊಹರು ಎಲ್ಲಾ ಇದೆ," ಎಂದು ಫಾದರ್ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ ಪ್ರಾರ್ಥನೆಯ ಪುಸ್ತಕ ಮುಚ್ಚಿದರು. "ಮದುವೆ ಸಿಂಧು. ಮೊದಲ ದಿನದಿಂದಲೇ ಸಿಂಧು. ಇನ್ನೊಂದು ಸಲ ಬೇಕಿಲ್ಲ."

ಅವಿರಾ ಹಾರಿ ವರೀದನನ್ನು ತಬ್ಬಿಕೊಂಡ. "ನೋಡಿದ್ಯೇನೇ ಕುಂಜೇಲಿ! ಮೊದಲಿಂದಲೂ ನಾವು ಗಂಡಹೆಂಡ್ತಿನೇ!"

ಕುಂಜೇಲಿ ನಗಲಿಲ್ಲ. ಮುಖದ ಕೆಂಪು ಇಳಿದುಹೋಗಿತ್ತು.

"ಅಂದ್ರೆ ಈ ಹನ್ನೊಂದು ವರ್ಷಾನೂ ನಾನು ಕಟ್ಟಿಸ್ಕೊಂಡೇ ಇದ್ದೆನಾ?"

"ಇದ್ದೆ ಕಣೇ, ಇದ್ದೆ! ಗಟ್ಟಿಯಾಗಿ!"

"ಬಾಗಿಲು ತೆರೆದಿದೆ ಅಂದ್ಕೊಂಡು ಸಂತೋಷವಾಗಿ ಒಳಗೆ ಕೂತಿದ್ದೆ. ಹೊರಗಿನಿಂದ ಚಿಲಕ ಹಾಕಿತ್ತಾ?"

ಫಾದರ್ ರೋಮಿನಲ್ಲಿ ಓದಿದ ಕಲಮುಗಳನ್ನೆಲ್ಲ ಮನಸ್ಸಿನಲ್ಲೇ ಮಗುಚತೊಡಗಿದರು.

"ಫಾದರ್, ನಮ್ಮದು ಸರಿಯಾದ ಮದುವೆನೇ ತಾನೇ? ಯಾರೂ ಬಿಡಿಸೋಕಾಗಲ್ಲ ತಾನೇ?"

"ಆಗಲ್ಲಮ್ಮ. ಸಾವಿನವರೆಗೆ."

"ಒಳ್ಳೇದಾಯ್ತು." ಅವಳು ಸೆರಗು ಸಿಕ್ಕಿಸಿದಳು. "ಈ ಹನ್ನೊಂದು ವರ್ಷದಲ್ಲಿ ಒಂದು ಸಲನಾದ್ರೂ ಮುನಿಸ್ಕೊಂಡು ತವರಿಗೆ ಹೋದೆನಾ, ಇಚ್ಚಾಯ? ಇಲ್ಲ. ಯಾಕೆ? ಕಟ್ಟಿಲ್ಲದೋಳು ಹೋದ್ರೆ ವಾಪಸ್ ಬರೋಕೆ ಏನು ಹಕ್ಕು? ಈಗ ಹಕ್ಕಿದೆ. ಹನ್ನೊಂದು ವರ್ಷದ ಮುನಿಸು ಹಾಗೇ ಇದೆ. ಐದೂಮುಕ್ಕಾಲರ ಬೋಟಿಗೆ ಹೊರಟೆ."

"ನಾಳೆ ಹತ್ತಕ್ಕೆ ಪೂಜೆ ಕಣೇ! ನೂರೈವತ್ತು ಜನ! ಬಾತೂ ಇಲ್ಲ!"

"ಬಂದು ಕರೀರಿ. ಯೋಚನೆ ಮಾಡಿ ಹೇಳ್ತೀನಿ."

ಅವಿರಾ ಬೋಟು ನಿಲ್ಲುವ ಕಡವಿನವರೆಗೆ ಹಿಂದೆಯೇ ಓಡಿದ. ಬೋಟು ಆಗಲೇ ಹೊರಟಿತ್ತು. ಹೆಂಗಸರ ಸೀಟಿನಲ್ಲಿ ಕೂತ ಕುಂಜೇಲಿ ತಿರುಗಿಯೂ ನೋಡಲಿಲ್ಲ. ಬೆನ್ನು ಮಾತ್ರ ಮದುವಣಗಿತ್ತಿಯಂತೆ ನೆಟ್ಟಗಿತ್ತು.

ಹಿಂದಿನಿಂದ ಏದುಸಿರು ಬಿಡುತ್ತ ವರೀದ್ ಬಂದ. ಬಗಲಲ್ಲಿ ಅದೇ ಕಪ್ಪು ಪುಸ್ತಕ.

"ಅವಿರಾಚ, ಇದರಲ್ಲಿ ಹೊಡೆದುಹಾಕಿ ಮದುವೆ ಪುಸ್ತಕಕ್ಕೆ ಬರಿ ಅಂದ್ರು ಫಾದರ್. ಈಗಲೇ ಬರೆದುಬಿಡ್ಲಾ?"

ಅವಿರಾ ನೀರಿನ ಮೇಲೆ ಸಣ್ಣದಾಗುತ್ತಿದ್ದ ಬೋಟನ್ನೇ ನೋಡುತ್ತಿದ್ದ.

"ಸ್ವಲ್ಪ ತಡಿ ಮಾರಾಯ," ಎಂದ. "ನಾಳೆ ಹತ್ತು ಗಂಟೆ ಆಗ್ಲಿ. ಯಾವ ಪುಸ್ತಕ ಅಂತ ಆಮೇಲೆ ಹೇಳ್ತೀನಿ."