‘ಹೋಗ್ತೇನ್ರಿ ಮೇಡಂ’

ಕೆಲವರಿಗೆ ಹಿರಿಯರಿಂದ ಹೊಲ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ತವರಿನಿಂದ ಬಂದದ್ದು ಚಿಂತೆ. ನಮ್ಮಪ್ಪ ಬಾದಾಮಿಯ ಮನೆಗೆ ಬೀಗ ಹಾಕಿ ಜಗ್ಗಿ ನೋಡಿ, ಓಣಿಯ ತುದಿಯಿಂದ ತಿರುಗಿ ಬಂದು ಜಗ್ಗಿ, ಬಸ್ ಸ್ಟ್ಯಾಂಡಿನಿಂದ ಓಡಿ ಬಂದು ಮತ್ತೆ ಜಗ್ಗುತ್ತಿದ್ದರು. ಒಂದು ಸಲ ಹಾಗೆ ಜಗ್ಗಿದ ರಭಸಕ್ಕೆ ಕೊಂಡಿಯೇ ಕಿತ್ತು ಕೈಗೆ ಬಂತು. ಮಹಾಕೂಟಕ್ಕೆ ಹೊರಟಿದ್ದ ನಾವೆಲ್ಲ ಬುತ್ತಿ ಬಿಚ್ಚಿ ಪಡಸಾಲೆಯಲ್ಲೇ ಉಂಡೆವು. ನಾನು ಆ ಮನೆತನದ ಮಗಳು. ಹಾಲು ಉಕ್ಕದಿದ್ದರೆ ಯಾಕೆ ಉಕ್ಕಲಿಲ್ಲ ಎಂದು ಚಿಂತಿಸುತ್ತೇನೆ. ನನ್ನ ಗಂಡನಿಗೆ ಔಷಧದ ಅಂಗಡಿ ಇದೆ. ಮದುವೆಯಾದ ಹೊಸತರಲ್ಲೇ ಅವರು, “ನೋಡು, ನಿನ್ನ ಈ ರೋಗಕ್ಕ ನನ್ನ ಅಂಗಡ್ಯಾಗ ಗುಳಿಗಿ ಇಲ್ಲ” ಎಂದು ಕೈ ತೊಳೆದುಕೊಂಡಿದ್ದಾರೆ.

ಇಂಥವಳ ಕೈಗೆ ಯಾರಾದರೂ ಮಂದಿಯ ಮಕ್ಕಳನ್ನು ಒಪ್ಪಿಸುತ್ತಾರೆಯೇ? ಒಪ್ಪಿಸಿದರು. ನಾನು ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುತ್ತೇನೆ. ಕಾಲೇಜಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅದೊಂದು ಬೇರೆ ಚಿಂತೆ. ವಿದ್ಯಾರ್ಥಿಗಳ ಕಷ್ಟಸುಖ ನೋಡಿಕೊಳ್ಳಲು ಒಬ್ಬೊಬ್ಬ ಅಧ್ಯಾಪಕರಿಗೆ ಒಂದೊಂದು ಗುಂಪು ಹಂಚಿ, ನಮಗೆಲ್ಲ ‘ಪಾಲಕ ಅಧ್ಯಾಪಕರು’ ಎಂಬ ಪದವಿ ಕೊಟ್ಟರು. ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ಮೆಂತ್ಯೆ ಸೋಸುತ್ತ ಕುಳಿತಿದ್ದ ನಮ್ಮ ಅತ್ತೆ, “ಪಾಲಕ್ ಅಂದ್ರ ತಪ್ಪಲ ಪಲ್ಯ ಅಲ್ಲನು?” ಎಂದರು. ಅಂದಿನಿಂದ ಗಂಡನ ಬಾಯಲ್ಲಿ ನಾನು ಪಾಲಕ್ ಮೇಡಂ. ಫೋನಿನಲ್ಲೂ ನನ್ನ ಹೆಸರನ್ನು ಹಾಗೆಯೇ ಬರೆದುಕೊಂಡಿದ್ದಾರೆ.

ಪದವಿಯ ಜೊತೆಗೆ ತರಬೇತಿಯೂ ಇತ್ತು. ದಕ್ಷಿಣದ ಕಡೆಯಿಂದ ಒಬ್ಬ ತಜ್ಞರು ಬಂದಿದ್ದರು. ಬಹಳ ಮೆತ್ತಗೆ, ‘ತಾವು’, ‘ದಯವಿಟ್ಟು’ ಎಂದು ಮಾತಾಡುತ್ತಿದ್ದರೆ ನಮ್ಮವರಿಗೆಲ್ಲ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತಿತ್ತು. ಓದು ನಡುವೆಯೇ ಬಿಡುವ ಮಕ್ಕಳು ಸುಮ್ಮನೆ ಬಿಡುವುದಿಲ್ಲ, ಮೊದಲು ಸೂಚನೆ ಕೊಡುತ್ತಾರೆ ಎಂದರು ಅವರು. ಮುಂದೆ ಕೂರುತ್ತಿದ್ದವರು ಹಿಂದಕ್ಕೆ ಸರಿಯುತ್ತಾರೆ. ಪಡೆದ ವಸ್ತುಗಳನ್ನು ತಾವಾಗಿ ಹಿಂದಿರುಗಿಸುತ್ತಾರೆ. ಮಾತಾಡುವ ರೀತಿ ಬದಲಾಗುತ್ತದೆ. ಹಿಂದಿನ ವರ್ಷ ನನ್ನ ಗುಂಪಿನ ಒಬ್ಬ ಹುಡುಗ ಒಂದು ಮಾತೂ ಹೇಳದೆ ಓದು ಬಿಟ್ಟಿದ್ದ. ಈಗ ಕೆರೂರಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ, ನನ್ನನ್ನು ಕಂಡರೆ ಕೌಂಟರಿನ ಕೆಳಗೆ ಏನೋ ಹುಡುಕುತ್ತಾನೆ. ಅವನು ನೆನಪಾಗಿ, ತಜ್ಞರ ಮಾತು ನೇರ ಹೊಟ್ಟೆಗೆ ಇಳಿಯಿತು. ಬೇರೆಯವರು ತರಬೇತಿ ಮುಗಿಸಿ ಊಟಕ್ಕೆ ಹೋದರು. ನಾನು ಚಿಂತೆಗೆ ಹೋದೆ.

ಈಗ ಮಹಾದೇವಿಯ ವಿಷಯ. ಇಳಕಲ್ಲಿನ ಹುಡುಗಿ, ಮನೆಯಲ್ಲಿ ಮಗ್ಗ. ಹತ್ತನೆಯವರೆಗೆ ಕನ್ನಡ ಸಾಲೆ, ಆಮೇಲೆ ಡಿಪ್ಲೊಮಾ ಮುಗಿಸಿ, ನೇರ ಎರಡನೆಯ ವರ್ಷಕ್ಕೆ ನಮ್ಮಲ್ಲಿ ಸೇರಿದವಳು. ಹೀಗೆ ಬಂದವರನ್ನು ನಾವೆಲ್ಲ ‘ಡಿಪ್ಲೊಮಾದವರು’ ಎನ್ನುತ್ತೇವೆ. ಮದುವೆಯಲ್ಲಿ ಮೊದಲ ಪಂಕ್ತಿ ಉಂಡ ಮೇಲೆ ಬಂದವರ ಹಾಗೆ ಅವರು ಸ್ವಲ್ಪ ಸಂಕೋಚದಿಂದಲೇ ಕೂರುತ್ತಾರೆ. ಮಹಾದೇವಿ ಮಾತ್ರ ಮೊದಮೊದಲು ಮುಂದೆಯೇ ಕುಳಿತು ಪ್ರಶ್ನೆ ಕೇಳುತ್ತಿದ್ದಳು. ನಂತರ ಒಂದು ದಿನ ನೋಡಿದರೆ ಹಿಂದಿನ ಬೆಂಚಿನಲ್ಲಿದ್ದಳು. ಸೂಚನೆ ಒಂದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಆಮೇಲೊಂದು ಶನಿವಾರ ಮಧ್ಯಾಹ್ನ ನನ್ನ ಕೋಣೆಗೆ ಬಂದು, ನಾನು ಓದಲು ಕೊಟ್ಟಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಅದಕ್ಕೆ ಹೊಸ ಹೊದಿಕೆ ಬೇರೆ ಹಾಕಿದ್ದಳು. ಸೂಚನೆ ಎರಡು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಹೋಗ್ತೇನ್ರಿ ಮೇಡಂ” ಎಂದಳು.

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ನಮ್ಮ ಕಡೆ ಯಾರೂ ‘ಹೋಗ್ತೇನಿ’ ಎನ್ನುವುದಿಲ್ಲ. ಸಂಜೆ ಬರುವವರೂ ‘ಬರ್ತೇನಿ’, ದೀಪಾವಳಿಗೆ ಬರುವವರೂ ‘ಬರ್ತೇನಿ’. ಗ್ಯಾಸ್ ಸಿಲಿಂಡರ್ ಇಳಿಸಿ ಹೋಗುವವನು ಕೂಡ “ಬರ್ತೇನ್ರಿ ಅಕ್ಕಾರ” ಎಂದೇ ಹೋಗುತ್ತಾನೆ. ಜಗಳವಾಡಿ ಪಾಲು ತೆಗೆದುಕೊಂಡ ನಮ್ಮ ಚಿಕ್ಕಮಾವ, ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಕೂಗಾಡಿ, ಕೊನೆಗೆ ಚಪ್ಪಲಿ ಮೆಟ್ಟುತ್ತ “ಬರ್ತೇನಿ” ಎಂದೇ ಹೋದರು. ಒಂದು ಸಲ ಅವಸರದಲ್ಲಿ ನಾನೇ “ಅತ್ತಿ, ಕಾಲೇಜಿಗೆ ಹೋಗ್ತೇನ್ರಿ” ಎಂದದ್ದಕ್ಕೆ ಅವರು ನನ್ನನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದರು. ಆವತ್ತು ಮೊದಲ ಕ್ಲಾಸು ತಪ್ಪಿತು. ಹೀಗಿರುವಾಗ ಇಳಕಲ್ಲಿನ ಹುಡುಗಿಯೊಬ್ಬಳು ಕಣ್ಣಲ್ಲಿ ಕಣ್ಣಿಟ್ಟು ‘ಹೋಗ್ತೇನ್ರಿ’ ಎಂದರೆ ಏನರ್ಥ? ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಅವಳು ಮೆಟ್ಟಿಲು ಇಳಿದು ಹೋಗಿಯೇ ಬಿಟ್ಟಿದ್ದಳು.

ಸೋಮವಾರ ಅವಳು ಬರಲಿಲ್ಲ. ಫೋನ್ ಬಂದ್ ಆಗಿತ್ತು. ಹಾಸ್ಟೆಲಿನಲ್ಲಿ ಅವಳ ಕೋಣೆಯ ಗೆಳತಿಯನ್ನು ಕೇಳಿದರೆ, “ಊರಿಗೆ ಹೋಗ್ಯಾಳ್ರಿ ಮೇಡಂ, ದೊಡ್ಡ ಬ್ಯಾಗ್ ತಗೊಂಡು” ಎಂದಳು. ಆ ‘ದೊಡ್ಡ’ ಎಂಬ ಶಬ್ದ ನನ್ನ ಜೀವ ತೆಗೆಯಿತು. ಮಂಗಳವಾರವೂ ಅವಳ ಬೆಂಚು ಖಾಲಿ. ನಮ್ಮ ವಿಭಾಗದ ಮುಖ್ಯಸ್ಥರು ಸಮಾಧಾನದ ಮನುಷ್ಯ. “ಮನಿಗೆ ಒಂದ್ ಪತ್ರ ಹಾಕೋಣ್ರಿ ಮೇಡಂ” ಎಂದರು. ಅವರು ಕೆರೂರಿನ ಹುಡುಗನ ಮನೆಗೂ ಪತ್ರ ಹಾಕಿದ್ದರು. ಅದು ಮುಟ್ಟುವಷ್ಟರಲ್ಲಿ ಅವನು ಅಂಗಡಿ ಸೇರಿಯಾಗಿತ್ತು. ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡೆ. ಅವರು, “ಒಂದ್ ಶಬ್ದಕ್ಕ ಇಷ್ಟ್ಯಾಕ? ಬಾಯಿ ತಪ್ಪಿ ಅಂದಿರಬೇಕು” ಎಂದರು. ನನಗೂ ಹಾಗೇ ಅನ್ನಿಸಿತು, ಆದರೆ ಹಾಗೆ ಅನ್ನಿಸಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಬುಧವಾರ ರಜೆ ಹಾಕಿ ಇಳಕಲ್ ಬಸ್ಸು ಹತ್ತಿದೆ.

ಕಿಟಕಿಯ ಪಕ್ಕದ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ. ಅವಳ ಮನೆಯವರಿಗೆ ಏನು ಹೇಳಬೇಕೆಂದು ಭಾಷಣ ತಯಾರಿಸುತ್ತಿದ್ದೆ. ಹೆಣ್ಣುಮಕ್ಕಳ ಓದಿನ ಮಹತ್ವದಿಂದ ಶುರು ಮಾಡಿ, ಸಿರೂರು ದಾಟುವಷ್ಟರಲ್ಲಿ ಅವಳ ಅಪ್ಪನ ಜೊತೆ ಮನಸ್ಸಿನಲ್ಲೇ ಜಗಳ ಹತ್ತಿತ್ತು. ಪಾಪ, ಅವರನ್ನು ನಾನು ನೋಡಿಯೂ ಇರಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ಕೊಂಡೆ. ಎಂಥ ಸಂಕಟದಲ್ಲೂ ಅಮೀನಗಡದಲ್ಲಿ ಕರದಂಟು ಕೊಳ್ಳದೆ ಮುಂದೆ ಹೋಗುವುದು ನಮ್ಮ ಕಡೆಯವರಿಗೆ ಸಾಧ್ಯವಿಲ್ಲ. ಹುನಗುಂದ ಬಂದಾಗ ಅದರಲ್ಲಿ ಅರ್ಧ ನಾನೇ ತಿಂದಿದ್ದೆ, ಚಿಂತೆಗೆ ಹಸಿವು ಜಾಸ್ತಿ. ತಡವಾಗಿ ಬಂದೆನೇನೋ, ಅವಳನ್ನು ಎಲ್ಲಿಗೋ ಕೆಲಸಕ್ಕೆ ಹಚ್ಚಿಬಿಟ್ಟಿದ್ದಾರೇನೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಇಳಕಲ್ಲಿನಲ್ಲಿ ಕೇಳುತ್ತ ಕೇಳುತ್ತ ಮನೆ ಹುಡುಕಿದೆ. ಬಾಗಿಲಲ್ಲಿ ಒಣಗಿದ ತೋರಣ, ಒಳಗೆ ಮಗ್ಗದ ಸದ್ದು. ಮಹಾದೇವಿಯೇ ಹೊರಗೆ ಬಂದಳು. ನನ್ನನ್ನು ಕಂಡವಳೇ ಬಿಳಚಿಕೊಂಡು, “ಏನಾತ್ರಿ ಮೇಡಂ? ಫೇಲ್ ಆಗೇನೇನ್ರಿ?” ಎಂದಳು. ಮಗ್ಗ ನಿಂತಿತು. ಅವಳ ಅಪ್ಪ ಎದ್ದು ಬಂದರು, ಅವ್ವ ಸೆರಗು ಸರಿ ಮಾಡಿಕೊಂಡು ಬಂದಳು, ಮೂಲೆಯಲ್ಲಿದ್ದ ಅಜ್ಜಿ “ಯಾರವಾ ಅದು, ಸಾಲಿ ಅಕ್ಕೋರೇನು?” ಎಂದು ಕಣ್ಣಿಗೆ ಕೈ ಅಡ್ಡ ಹಿಡಿದಳು. ಇಷ್ಟು ದಿನ ನಾನೊಬ್ಬಳೇ ಹೊತ್ತಿದ್ದ ಚಿಂತೆಯನ್ನು ಒಂದು ನಿಮಿಷದಲ್ಲಿ ಇಡೀ ಮನೆಗೆ ಹಂಚಿದ್ದೆ.

“ಮತ್ತ ಕಾಲೇಜಿಗೆ ಯಾಕ ಬರಲಿಲ್ಲ?” ಎಂದು ಕೇಳಿದೆ.

“ಅಕ್ಕನ ಕುಬಸ ಇತ್ರಿ ಮೇಡಂ. ಫೋನ್ ನೀರಾಗ ಬಿತ್ತು.”

ಕುಬಸ ಎಂದರೆ ಬಸುರಿಗೆ ಮಾಡುವ ಶಾಸ್ತ್ರ. ದೊಡ್ಡ ಬ್ಯಾಗಿನಲ್ಲಿ ಅಕ್ಕನಿಗಾಗಿ ಬಾಗಲಕೋಟೆಯಿಂದ ತಂದ ಸಾಮಾನಿತ್ತಂತೆ. ನನಗೆ ಒಳಗೊಳಗೇ ನಾಚಿಕೆಯಾಯಿತು, ಆದರೆ ಬಸ್ಸು ಹತ್ತಿ ಬಂದವಳಿಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಪುಸ್ತಕ ಯಾಕೆ ವಾಪಸ್ ಕೊಟ್ಟೆ ಎಂದೆ. “ಶನಿವಾರ ತಂದು ಕೊಡು ಅಂದಿದ್ರಲ್ರಿ.” ಹಿಂದಿನ ಬೆಂಚಿಗೆ ಯಾಕೆ ಹೋದೆ? “ಡಿಪ್ಲೊಮಾದವ್ರು ಹಿಂದ ಕೂಡಿ ಕುಂದರ್ರಿ, ನಿಮಗ ಬ್ಯಾರೆ ಹೇಳ್ತೇನಿ ಅಂದಿದ್ರಲ್ರಿ.” ಅದೂ ನಿಜ. ಬೇರೆಯಾಗಿ ಹೇಳುವುದು ಮಾತ್ರ ಇನ್ನೂ ಬಾಕಿಯಿತ್ತು. ನನ್ನ ದನಿ ಸಣ್ಣದಾಗಿತ್ತು. ಕೊನೆಗೆ ಕೇಳಿದೆ, “ಮತ್ತ ಆವತ್ತು ಹೋಗ್ತೇನ್ರಿ ಅಂದಿ ಅಲ್ಲ, ಹಂಗ್ಯಾಕ ಅಂದಿ?”

ಅವಳು ತಲೆ ತಗ್ಗಿಸಿದಳು. “ಅದೂ ನೀವ ಹೇಳಿದ್ರಲ್ರಿ.”

ಆಗ ನೆನಪಾಯಿತು. ಕೆಲಸದ ಸಂದರ್ಶನಕ್ಕೆ ತಾಲೀಮು ಎಂದು ನಾನು ಎಲ್ಲರನ್ನೂ ಒಬ್ಬೊಬ್ಬರಾಗಿ ಎದುರು ಕೂರಿಸಿ, ಕ್ಲಾಸಿನ ಮುಂದೆಯೇ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದೆ. ಮಹಾದೇವಿ ಚೆನ್ನಾಗಿಯೇ ಉತ್ತರಿಸಿ, ಏಳುವಾಗ ಮನೆಯ ಅಭ್ಯಾಸದಂತೆ “ಐ ವಿಲ್ ಕಮ್, ಮೇಡಂ” ಎಂದಿದ್ದಳು. ನಾನು ಬಿಡುತ್ತೇನೆಯೇ? “ಹೋಗೋಮುಂದ ಐ ವಿಲ್ ಕಮ್ ಅಂದ್ರ ಅವರು ಕುರ್ಚಿ ಹಾಕಿ ಕಾಯ್ಕೋತ ಕುಂದರ್ತಾರ. ಹೋಗ್ತಿದ್ರ ಹೋಗ್ತೇನಿ ಅನಬೇಕು. ಇಂಜಿನಿಯರ್ ಆಗೋರು ಇದ್ದದ್ದನ್ನ ಇದ್ದಂಗ ಹೇಳಬೇಕು” ಎಂದಿದ್ದೆ. ಇಡೀ ಕ್ಲಾಸು ನಕ್ಕಿತ್ತು. ಅಷ್ಟು ನಗಿಸಿದ್ದಕ್ಕೆ ನನಗೆ ಖುಷಿಯೂ ಆಗಿತ್ತು, ಸಂಜೆ ಗಂಡನಿಗೂ ಹೇಳಿದ್ದೆ.

ಇಲ್ಲಿಗೆ ಮುಗಿದಿದ್ದರೆ ನಾನು ನಗುತ್ತ ಬಸ್ಸು ಹತ್ತಬಹುದಿತ್ತು. ಆದರೆ ಅಜ್ಜಿ ಬಾಯಿ ಹಾಕಿದಳು. “ಖರೆ ಹೇಳವಾ ಅಕ್ಕೋರಿಗೆ. ಎಲ್ಲಾರೂ ನಗ್ತಾರ, ನಾ ಇನ್ನ ಒಲ್ಲೆ, ಇಲ್ಲೇ ಸೀರಿ ಅಂಗಡ್ಯಾಗ ಕೆಲಸಕ್ಕ ನಿಂದರ್ತೇನಿ ಅಂತ ಕುಬಸದ ದಿನಾ ಅತ್ತಿಲ್ಲೇನು?” ಅವಳ ಅಪ್ಪ ನನ್ನ ಮುಖ ನೋಡಲಾರದೆ ತೋರಣದ ಕಡೆ ನೋಡಿದರು. ನನ್ನ ಚಿಂತೆ ಸರಿಯಾಗಿತ್ತು, ವಿಳಾಸ ತಪ್ಪಿತ್ತು. ಈ ಮನೆಯಲ್ಲಿ ಯಾರು ಹುಡುಗಿಯ ಓದು ಬಿಡಿಸುತ್ತಾರೋ ಎಂದು ಜಗಳಕ್ಕೆ ತಯಾರಾಗಿ ಬಂದಿದ್ದೆ, ಬಿಡಿಸುವವಳು ಕರದಂಟು ಹಿಡಿದುಕೊಂಡು ಬಾಗಲಕೋಟೆಯಿಂದ ಬಂದಿದ್ದಳು.

ಬಸ್ಸಿನಲ್ಲಿ ಕಟ್ಟಿದ ಭಾಷಣದ ಒಂದು ವಾಕ್ಯವೂ ಉಪಯೋಗಕ್ಕೆ ಬರಲಿಲ್ಲ. “ತಪ್ಪು ನಂದವಾ. ನಗಸಬಾರದಿತ್ತು” ಎಂದೆ. ಅವ್ವ ಚಹಾ ತಂದಳು, ಕುಡಿದೆ. ಗಂಟಲು ಸುಟ್ಟಿತು. ಅಲ್ಲಿ ಇನ್ನು ಕೂರಲಾರದೆ ಎದ್ದು, ಚಪ್ಪಲಿ ಹುಡುಕುತ್ತ, “ಆತ್ರಿ, ಹೋಗ್ತೇನಿ” ಎಂದುಬಿಟ್ಟೆ.

ಅಜ್ಜಿ ನನ್ನ ಕೈ ಹಿಡಿದಳು. “ಹಂಗನಬಾರದ್ರೀ ಅಕ್ಕೋರ. ಕುಂದರ್ರಿ.” ನಮ್ಮ ಅತ್ತೆಯೇ ಇಳಕಲ್ಲಿಗೆ ಬಂದು ಕುಳಿತ ಹಾಗಾಯಿತು. ನನ್ನನ್ನು ಮತ್ತೆ ಕೂರಿಸಿ, ನೀರು ಕೊಟ್ಟು, ಕುಂಕುಮ ಹಚ್ಚಿದರು. ಮಹಾದೇವಿಯ ತುಟಿ ಅಲುಗಿತು. ತಡೆದುಕೊಂಡಳು, ಆಗಲಿಲ್ಲ, ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕಳು. “ಬರ್ತೇನಿ ಅನ್ರಿ ಮೇಡಂ” ಎಂದಳು. ಅಪ್ಪ, ಅವ್ವ, ಅಜ್ಜಿ ಎಲ್ಲರೂ ನಕ್ಕರು. ಎಲ್ಲರೂ ನಗುವಾಗ ನಡುವೆ ಕುಳಿತಿರುವುದು ಹೇಗಿರುತ್ತದೆ ಎಂದು ನನಗೆ ಗೊತ್ತಾಯಿತು. ಅದೂ ಇವರು ಪ್ರೀತಿಯಿಂದ ನಕ್ಕದ್ದು. “ಬರ್ತೇನ್ರಿ” ಎಂದೆ. ನೀನೂ ಬಾ ಎನ್ನಲು ಧೈರ್ಯ ಬರಲಿಲ್ಲ. ಬಸ್ಸು ತಪ್ಪಿತ್ತು, ಮುಂದಿನದಕ್ಕೆ ಕಾದೆ.

ಗುರುವಾರ ಅವಳು ಬರಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ನಾನು ಬಾಗಿಲು ನೋಡುತ್ತ ನೋಡುತ್ತ ಬೋರ್ಡಿನ ಮೇಲೆ ಒಂದು ಸಮೀಕರಣವನ್ನು ಎರಡು ಸಲ ಬರೆದು ಅಳಿಸಿದೆ. ಸೋಮವಾರ ಹಾಜರಿ ತೆಗೆದುಕೊಂಡು ತಲೆ ಎತ್ತಿದರೆ ಬಾಗಿಲಲ್ಲಿ ನಿಂತಿದ್ದಳು, ದೊಡ್ಡ ಬ್ಯಾಗಿನ ಸಮೇತ. ಡಿಪ್ಲೊಮಾದವರ ಬೆಂಚಿನ ವ್ಯವಸ್ಥೆಯನ್ನು ಆವತ್ತಿಗಾಗಲೇ ತೆಗೆದುಹಾಕಿದ್ದೆ. ಮುಂದೆ ಜಾಗವಿತ್ತು, ಬಂದು ಕುಳಿತಳು. ನಾನು ಏನೂ ಆಗದವಳಂತೆ ಪಾಠ ಮುಂದುವರಿಸಿ, ಕೊನೆಯಲ್ಲಿ ಎಂದಿನಂತೆ “ಅಂಡರ್‌ಸ್ಟುಡ್?” ಎಂದೆ. ಕ್ಲಾಸೂ ಎಂದಿನಂತೆ “ಯೆಸ್ ಮೇಡಂ” ಎಂದು ರಾಗ ಎಳೆಯಿತು. ರಾಗ ಮುಗಿದ ಮೇಲೆ ಮುಂದಿನ ಬೆಂಚಿನಿಂದ ಒಂದು ದನಿ ಬಂತು.

“ಇಲ್ರಿ ಮೇಡಂ. ಮೂರನೇ ಸಾಲಿನ್ಯಾಗ ಮೈನಸ್ ಎಲ್ಲಿಂದ ಬಂತ್ರಿ?”

ಯಾರೂ ನಗಲಿಲ್ಲ. ಹಿಂದಿನಿಂದ ಇನ್ನೊಬ್ಬ ಹುಡುಗ, “ನನಗೂ ತಿಳಿದಿಲ್ರಿ” ಎಂದ. ಆಮೇಲೆ ಮೂಲೆಯಿಂದ ಮತ್ತೊಬ್ಬಳು. ನನಗೆ ಸಂತೋಷವಾಯಿತು. ತಿರುಗಿ ಬೋರ್ಡು ನೋಡಿದೆ. ಮೈನಸ್ ಅಲ್ಲೇ ಇತ್ತು. ಎಷ್ಟೋ ವರ್ಷದಿಂದ ನಾನು ಅದನ್ನು ಆ ಸಾಲಿನಲ್ಲಿ ಬರೆಯುತ್ತ ಬಂದಿದ್ದೇನೆ. ನನ್ನ ಮೇಷ್ಟರೂ ಅಲ್ಲೇ ಬರೆಯುತ್ತಿದ್ದರು, ನಾನೂ ಆಗ “ಯೆಸ್ ಸರ್” ಎಂದಿದ್ದೆ. ಅದು ಎಲ್ಲಿಂದ ಬಂತು ಎಂದು ಈವರೆಗೆ ಯಾರೂ ಯಾರನ್ನೂ ಕೇಳಿರಲಿಲ್ಲ. ಬೆಲ್ ಹೊಡೆಯಿತು. ಆ ಗಂಟೆಗೆ ನಾನು ಇಷ್ಟು ಕೃತಜ್ಞಳಾದದ್ದು ನೌಕರಿಯಲ್ಲೇ ಮೊದಲು. “ನಾಳೆ ಹೇಳ್ತೇನಿ” ಎಂದೆ. ಮಹಾದೇವಿ ಬ್ಯಾಗ್ ಎತ್ತಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

“ಬರ್ತೇನ್ರಿ ಮೇಡಂ” ಎಂದಳು.

ಖಂಡಿತ ಬರುತ್ತಾಳೆ. ನನಗೆ ಈಗ ಅದೇ ಚಿಂತೆ.